ಕಾಂಡ್ಲಕುದ್ರಿನ ಮತದ ಗಡಿಗೆ

ನಾನು ಒಂದು ಮಣ್ಣಿನ ಗಡಿಗೆ. ಹುಟ್ಟಿದ್ದು ಹೊಳೆಯ ಆಚೆದಡದಲ್ಲಿ, ಐತ ಕುಂಬಾರನ ತಿಗರಿಯ ಮೇಲೆ. ನನ್ನ ಜೊತೆಗೇ ನನ್ನಷ್ಟೇ ಎತ್ತರದ, ನನ್ನಷ್ಟೇ ಹೊಟ್ಟೆಯ ಇನ್ನೊಂದು ಗಡಿಗೆಯೂ ಹುಟ್ಟಿತು. ಒಂದೇ ಅಚ್ಚಿನ ಜೋಡಿ ಬೇಕೆಂದು ಕಾಂಡ್ಲಕುದ್ರಿನವರು ಹೇಳಿ ಮಾಡಿಸಿದ್ದರು. ಒಂದರ ಬಾಯಿ ಅಗಲವಾದರೆ ಸೋತವರು ತಕರಾರು ತೆಗೆಯುತ್ತಾರೆ ಎಂಬುದು ಅವರ ಅನುಭವ.

ಕಾಂಡ್ಲಕುದ್ರು ಹೊಳೆಯ ನಡುವಿನ ದ್ವೀಪ. ಮನೆ ಇಪ್ಪತ್ತೆರಡು, ಮತ ಹಾಕುವವರು ಅರವತ್ತಮೂರು. ಇಷ್ಟು ಜನಕ್ಕೆ ಪಂಚಾಯಿತಿಯಲ್ಲಿ ಒಬ್ಬ ಸದಸ್ಯನನ್ನು ಕೊಡಲಾಗದು ಎಂದು ಆಚೆದಡದವರು ಎಂದೋ ತೀರ್ಮಾನಿಸಿದ್ದರು. ಕುದ್ರಿನವರು ಗಲಾಟೆ ಮಾಡಿದಾಗ ಒಂದು ರಾಜಿಯಾಯಿತು. ಕುದ್ರಿನಿಂದ ಒಬ್ಬರು ಬಂದು ಸಭೆಯಲ್ಲಿ ಕೂರಬಹುದು, ಮಾತಾಡಬಹುದು, ಚಹಾ ಕುಡಿಯಬಹುದು. ಕೈ ಮಾತ್ರ ಎತ್ತುವಂತಿಲ್ಲ. ಈ ಕೈ ಎತ್ತದ ಪ್ರತಿನಿಧಿಯನ್ನು ಐದು ವರ್ಷಕ್ಕೊಮ್ಮೆ ಆರಿಸಲು ಅವರು ಪಡುವ ಸಂಭ್ರಮ ಕಂಡರೆ ದಿಲ್ಲಿಗೆ ಕಳಿಸುವ ಚುನಾವಣೆಯೂ ಸಪ್ಪೆ.

ಮತವೆಂದರೆ ಮರ್ವಾಯಿಯ ಚಿಪ್ಪು, ಅದೇ ಹೊಳೆಯ ಕಪ್ಪೆಚಿಪ್ಪಿನ ಒಂದು ಹೋಳು. ಹೊಳೆಯಲ್ಲಿ ಮುಳುಗಿ ಮರ್ವಾಯಿ ಹೆಕ್ಕುವುದೇ ಅಲ್ಲಿನ ಹೆಂಗಸರ ದುಡಿಮೆ. ಪ್ರತಿ ಮನೆಯ ಹಿಂದೆಯೂ ಚಿಪ್ಪಿನ ರಾಶಿ. ಸೀರೆಯ ಮರೆಯಲ್ಲಿ ಎರಡು ಗಡಿಗೆ. ಬೇಕಾದವರ ಗಡಿಗೆಗೆ ಒಬ್ಬರು ಒಂದು ಚಿಪ್ಪು ಹಾಕಿ ಬರಬೇಕು.

ನನ್ನ ಜೊತೆಯ ಗಡಿಗೆ ತೇಜಪ್ಪ ಮಾಸ್ಟ್ರದ್ದು. ಅವರು ಹದಿನೈದು ವರ್ಷದಿಂದ ಪ್ರತಿನಿಧಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಉಬ್ಬರದ ನೀರು ತುಂಬಿದ ಹೊತ್ತು ನೋಡಿ ದೋಣಿ ಹತ್ತುತ್ತಿದ್ದರು. ಅಷ್ಟು ವರ್ಷಗಳಲ್ಲಿ ಸಭೆಯಲ್ಲಿ ಎರಡು ಸಲ ಬಾಯಿ ತೆರೆದದ್ದು ದಾಖಲೆಯಲ್ಲಿದೆ. ಒಮ್ಮೆ ಫ್ಯಾನ್ ಜೋರು ಮಾಡಿ ಎಂದಿದ್ದರು, ಇನ್ನೊಮ್ಮೆ ವಂದನಾರ್ಪಣೆ.

ನಾನು ಪದ್ದಕ್ಕನ ಗಡಿಗೆ. ಪದ್ದಕ್ಕ ಮರ್ವಾಯಿ ಹೆಕ್ಕುವವಳು. ಹಿಂದಿನ ವರ್ಷ ಅವಳ ಗಂಡ ರಾಮ ಮೊಗವೀರ ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಆಗ ನೀರು ಇಳಿದಿತ್ತು. ಆಚೆದಡದಲ್ಲಿ ದೋಣಿಯಿಂದ ರಸ್ತೆಯವರೆಗೆ ಮೊಣಕಾಲುದ್ದ ಕೆಸರು. ನಾಲ್ಕು ಜನ ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತರು, ಎರಡು ಸಲ ಬೀಳಿಸಿದರು. ಕಾಲು ಸೊಟ್ಟಗೇ ಕೂಡಿಕೊಂಡಿತು. ಅಂದಿನಿಂದ ಅವನು ಕುದ್ರು ಬಿಟ್ಟು ಇಳಿದಿರಲಿಲ್ಲ. ಪದ್ದಕ್ಕ ಕೇಳುತ್ತಿದ್ದದ್ದು ಒಂದೇ: ಆಚೆದಡದಲ್ಲಿ ಕಲ್ಲಿನ ಮೆಟ್ಟಿಲು.

“ಮತ ಇಲ್ದವ್ರ ಮಾತ್ ಯಾರ್ ಕೇಂತ್ರ್ ಪದ್ದು?” ಎಂದು ಮಾಸ್ಟ್ರು ನಕ್ಕಿದ್ದರು.

“ನೀವ್ ಆಡಿ ಕಂಡಿದ್ರ್ಯಾ ಮಾಸ್ಟ್ರೇ?” ಎಂದಿದ್ದಳು ಅವಳು.

ಮತದಾನ ಸಂಜೆಗೆ ಮುಗಿಯಿತು. ಎಣಿಸಲು ಪಂಚಾಯಿತಿಯ ಗುಮಾಸ್ತ ಜನಾರ್ದನ ಶೇರುಗಾರರು ಮರುದಿನ ಬರುವುದೆಂದಾಗಿತ್ತು. ಎಣಿಕೆಯ ದಿನ ಬೆಳಗಿನಿಂದ ನಮ್ಮಿಬ್ಬರನ್ನೂ ಶಾಲೆಯ ಜಗಲಿಯ ಬಿಸಿಲಲ್ಲಿ, ಎಲ್ಲರ ಕಣ್ಣೆದುರಿಗೆ ಇಟ್ಟಿದ್ದರು. ಗುಮಾಸ್ತರು ತಲುಪಿದಾಗ ಮಧ್ಯಾಹ್ನ. ಪ್ಯಾಂಟು ತೊಡೆಯವರೆಗೆ ಕೆಸರು, ಕಾಲಲ್ಲಿ ಒಂದೇ ಚಪ್ಪಲಿ.

“ಇನ್ನೊಂದ್ ಎಲ್ಲಿತ್ತ್ ಮರ್ರೆ?” ಎಂದು ಯಾರೋ ಕೇಳಿದರು.

“ನಿಮ್ಮ ಹೊಳಿ ತಿಂತ್!” ಎಂದು ರೇಗಿದ ಅವರು, ನನ್ನನ್ನು ಎತ್ತಿ ಚಾಪೆಯ ಮೇಲೆ ದಬಾರನೆ ಸುರಿದರು. ನನ್ನಲ್ಲಿ ಮೂವತ್ತೆಂಟು. ಜೊತೆಯವನಲ್ಲಿ ಮೂವತ್ತಮೂರು. ಹೆಂಗಸರು ಕೇಕೆ ಹಾಕಿದರು. ಗುಮಾಸ್ತರು ಮಾತ್ರ ಬೆರಳು ಮಡಚಿ ಕೂಡಿಸಿದರು.

“ಎಪ್ಪತ್ತೊಂದಾಯ್ತ್. ನಿಮ್ ಕುದ್ರಲ್ಲಿಪ್ಪುದೇ ಅರವತ್ಮೂರ್ ಜನ. ಎಂಟ್ ಜನ ಹೊಳಿಯಿಂದ ಎದ್ ಬಂದ್ರಾ?”

ಏನಾಗಿತ್ತೆಂದು ನನಗೆ ಗೊತ್ತಿತ್ತು. ಕೆಲವರು ಬಿಡಿ ಚಿಪ್ಪಿನ ಬದಲು, ಬೇಯಿಸಿ ತಿಂದ ಮರ್ವಾಯಿಯ ಎರಡೂ ಚಿಪ್ಪುಗಳು ಅಂಟಿಕೊಂಡಿದ್ದ ಜೋಡಿಯನ್ನೇ ಹಾಕಿದ್ದರು. ಬಿಸಿಲಿಗೆ ಕೀಲಿನ ನಾರು ಒಣಗಿ, ಸುರಿದ ರಭಸಕ್ಕೆ ಒಂದು ಮತ ಎರಡಾಗಿತ್ತು. ಆದರೆ ಹೊಟ್ಟೆ ತುಂಬ ಮತ ಹೊತ್ತ ನನಗೆ ಹೇಳುವ ನಾಲಿಗೆ ಇರಲಿಲ್ಲ.

“ಕಳ್ಳ ಮತ!” ಎಂದು ಒಂದು ಕಡೆ ಕೂಗೆದ್ದಿತು. “ನಿಮ್ ಗಡ್ಗಿಯಾಗೇ ಇತ್ತ್!” ಎಂದು ಇನ್ನೊಂದು ಕಡೆ. ಗುಮಾಸ್ತರು ಚುನಾವಣೆಯನ್ನೇ ರದ್ದು ಮಾಡುವುದಾಗಿ ಹೇಳಿ, ಇದ್ದ ಒಂದು ಚಪ್ಪಲಿಯನ್ನು ಹುಡುಕತೊಡಗಿದರು.

ಪದ್ದಕ್ಕ ಚಾಪೆಯ ಮುಂದೆ ಕೂತಳು. ಎರಡು ಚಿಪ್ಪು ಎತ್ತಿ ಕೀಲಿಗೆ ಕೀಲು ಕೂಡಿಸಿದಳು. ಹೊಂದಲಿಲ್ಲ. ಇನ್ನೊಂದು ತೆಗೆದಳು, ಟಕ್ಕೆಂದು ಕೂತಿತು.

“ಕಾಣಿ. ಒಂದ್ ಮರ್ವಾಯಿ ಚಿಪ್ಪಿಗೆ ಇನ್ನೊಂದ್ ಮರ್ವಾಯಿದ್ ಹೊಂದುದಿಲ್ಲೆ. ಜೋಡಿ ಸಿಕ್ಕಿದ್ದೆಲ್ಲ ಒಂದೇ ಮತ ಅಂದೇಳಿ ಬರ್ಕಣಿ.”

ಅವಳ ನಾದಿನಿ ಗಿರಿಜೆ ಬಗ್ಗಿ ಕಿವಿಯಲ್ಲಿ ಹೇಳಿದ್ದು ನನಗೆ ಕೇಳಿಸಿತು: “ಅತ್ಗೆ, ಜೋಡಿ ಹಾಕಿದ್ದ್ ನಾವೇ. ಹೊಳಿಗೆ ಹೋಪ ಹೆಂಗ್ಸ್ರೇ. ಸುಮ್ನಿರಿ.”

“ಗೊತ್ತಿತ್ತ್,” ಎಂದಳು ಪದ್ದಕ್ಕ. ಕೈ ನಿಲ್ಲಿಸಲಿಲ್ಲ.

ನನ್ನ ರಾಶಿಯಲ್ಲಿ ಏಳು ಜೋಡಿ. ಜೊತೆಯವನದರಲ್ಲಿ ಒಂದು. ಲೆಕ್ಕ ಸರಿಯಾಗಿ ಅರವತ್ತಮೂರಕ್ಕೆ ಬಂತು. ಮಾಸ್ಟ್ರಿಗೆ ಮೂವತ್ತೆರಡು, ಪದ್ದಕ್ಕನಿಗೆ ಮೂವತ್ತೊಂದು. ತನ್ನ ಕೈಯಾರೆ ಅವಳು ತನ್ನ ಮೆಟ್ಟಿಲು ಕಿತ್ತಿದ್ದಳು. ಗಿರಿಜೆ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಗುಮಾಸ್ತರು ತೇಜಪ್ಪ ಮಾಸ್ಟ್ರ ಹೆಸರು ಬರೆಯಲು ಪೆನ್ನು ತೆಗೆದರು. ಮಾಸ್ಟ್ರು ಆ ಏಳು ಜೋಡಿಗಳಲ್ಲಿ ಒಂದನ್ನು ಎತ್ತಿ, ಬಿಡಿಸಿ, ಮತ್ತೆ ಕೂಡಿಸಿ ನೋಡಿದರು.

“ಬರೀಬೇಡಿ ಶೇರುಗಾರ್ರೇ,” ಎಂದರು. “ನಾನ್ ಒಲ್ಲೆ. ಆ ಕುರ್ಚಿಯಲ್ಲಿ ಹದ್ನೈದ್ ವರ್ಷ ಕೂತ್ ಬೆನ್ನ್ ಹೋಯ್ತ್. ಅಲ್ಲಿ ಕೈ ಎತ್ತುಕಿಲ್ಲೆ. ಇಪ್ಪುದ್ ಮಾತೊಂದೇ. ಈ ಹೆಂಗ್ಸ್ ಮೆಟ್ಲ್ ಬೇಕ್ ಅಂದ್ರೆ, ಸುಳ್ಳ್ ಅಂಬುಕೆ ಯಾರಿಗ್ ಬಾಯ್ ಬತ್ತ್?” ಆಮೇಲೆ, “ಅರ್ಜಿ ಮಾತ್ರ ನಾನೇ ಬರೆತೆ. ಪದ್ದು ಅಕ್ಷರ ಕಂಡ್ರೆ ಅಧ್ಯಕ್ಷರಿಗೆ ಜ್ವರ ಬತ್ತ್,” ಎಂದರು.

ಗೆದ್ದವರ ಗಡಿಗೆ ಗೆದ್ದವರ ಮನೆಗೆ ಎಂಬುದು ಪದ್ಧತಿ. ಹೀಗೆ ನಾನು ಪದ್ದಕ್ಕನ ಒಲೆ ಸೇರಿದೆ. ಮೂರು ವರ್ಷ ಕುಚಲಕ್ಕಿ ಗಂಜಿ ಬೇಯಿಸಿದೆ. ತಿಂಗಳಿಗೊಮ್ಮೆ ಅವಳು ಕೆಸರು ತುಳಿದೇ ಸಭೆಗೆ ಹೋಗುತ್ತಿದ್ದಳು, ಕಾಲು ತೊಳೆಯದೆ ಒಳಗೆ ಕೂರುತ್ತಿದ್ದಳಂತೆ. ಮೊದಲ ವರ್ಷ ಸದಸ್ಯರು ಗೊಣಗಿದರು, ಎರಡನೆಯ ವರ್ಷ ನೆಲ ಒರೆಸುವವರು ಗೊಣಗಿದರು. ಮೂರನೆಯ ವರ್ಷ ಕೈ ಎತ್ತುವ ಹಕ್ಕುಳ್ಳವರೆಲ್ಲ ಮೆಟ್ಟಿಲಿಗಾಗಿ ಒಟ್ಟಿಗೇ ಎತ್ತಿದರು.

ಅಷ್ಟರಲ್ಲಿ ನನ್ನ ಕಂಠ ಒಡೆದು, ನಾನು ಒಲೆಗೆ ಸಲ್ಲದಾದೆ. ಪದ್ದಕ್ಕ ನನ್ನನ್ನು ಎಸೆಯದೆ ಆಚೆದಡದಲ್ಲಿ ನೀರು ತುಂಬಿಸಿ ಇಟ್ಟಳು, ಬಂದವರು ಕಾಲಿನ ಕೆಸರು ತೊಳೆಯಲಿ ಎಂದು. ನೆಲದಿಂದ ನೋಡಿದರೆ ಮನುಷ್ಯರೆಲ್ಲ ಬರೀ ಪಾದಗಳು. ಒಂದು ವರ್ಷ ನೂರಾರು ಪಾದ ತೊಳೆದೆ. ನಂತರ ಕಲ್ಲು ಬಂತು, ಗಾರೆಯವರು ಬಂದರು, ಪಾದಗಳು ಒಣಗಿಯೇ ಬರತೊಡಗಿದವು. ನನ್ನನ್ನು ಕೇಳುವವರಿಲ್ಲ. ಇಷ್ಟು ಸಂತೋಷದ ನಿರುದ್ಯೋಗ ಇನ್ನಾವ ಗಡಿಗೆಗೂ ಸಿಕ್ಕಿರಲಾರದು.

ಮೊನ್ನೆ ನೀರು ಪೂರಾ ಇಳಿದ ಹೊತ್ತಿನಲ್ಲಿ ಒಂದು ದೋಣಿ ಬಂತು. ಒಂದು ನೆಟ್ಟ ಪಾದ, ಒಂದು ಸೊಟ್ಟ ಪಾದ, ಒಂದು ಊರುಗೋಲು ಮೆಟ್ಟಿಲಿಗಿಳಿದವು. ಯಾರ ಹೆಗಲೂ ಬೇಡದೆ ರಾಮ ಮೊಗವೀರ ಏದುಸಿರು ಬಿಡುತ್ತಾ ರಸ್ತೆಗೆ ಹತ್ತಿದ. ಹತ್ತಿ ನಿಂತು, ಹಿಂದಿರುಗಿ ನೋಡಿ, ಹಿಂದೆಯೇ ಬರುತ್ತಿದ್ದ ಹೆಂಡತಿಗೆ ಬೈದ:

“ಹ್ವಾಯ್, ನೀ ಒಂಬತ್ತ್ ಮೆಟ್ಲ್ ಅಂದಿದ್ದೆ. ಎಂಟೇ ಇತ್ತಲೆ!”

“ಒಂಬತ್ತನೇದಕ್ಕೆ ನಾಳೆ ಮೀಟಿಂಗ್ ಇತ್ತ್,” ಎಂದಳು ಪದ್ದಕ್ಕ.