ಮರೆಯುವ ಹೆಂಗಸಿನ ಪಾತ್ರ

ಮನೆಯಲ್ಲಿ ಎಲ್ಲರೂ ಅವಳನ್ನು ತಕರಾರಮ್ಮ ಎಂದೇ ಕರೆಯುತ್ತಿದ್ದರು. ಅಪ್ಪ ಇಟ್ಟ ಹೆಸರು. ಚಿಕ್ಕಂದಿನಲ್ಲಿ ಸಿನಿಮಾ ನೋಡಿಕೊಂಡು ಬಂದ ದಿನ ಉಳಿದ ಮಕ್ಕಳು ಹಾಡು ಗುನುಗುತ್ತಿದ್ದರೆ ಇವಳು ಊಟದ ತಟ್ಟೆಯ ಮುಂದೆ ಕೂತು, "ಆ ಅಮ್ಮ ಯಾಕೆ ಬಾಗಿಲು ತೆಗೀಲಿಲ್ಲ? ಮಗನ ದನಿ ಗೊತ್ತಾಗಲ್ವಾ ಅವಳಿಗೆ?" ಎಂದು ಅಪ್ಪನ ತಲೆ ತಿನ್ನುತ್ತಿದ್ದಳು. ದೊಡ್ಡವಳಾದ ಮೇಲೆ ಆ ತಲೆ ತಿನ್ನುವುದಕ್ಕೇ ಸಂಬಳ ಸಿಕ್ಕಿತು. ಪತ್ರಿಕೆಯೊಂದರ ಭಾನುವಾರದ ಪುಟದಲ್ಲಿ ನಾಟಕ, ಸಿನಿಮಾ, ಧಾರಾವಾಹಿಗಳ ಪಾತ್ರಗಳನ್ನು ಬಿಡಿಸಿ ನೋಡುವ ಅಂಕಣ ಅವಳದು.

ಅವಳ ಅಕ್ಕ ಒಂದು ಕಾಲಕ್ಕೆ ರಂಗನಟಿ. ನಾಟಕವನ್ನು ಒಂದೆರಡು ಸಲ ಓದಿಕೊಂಡರೆ ಸಾಕು, ತನ್ನ ಮಾತಷ್ಟೇ ಅಲ್ಲ, ಎಲ್ಲರ ಮಾತೂ ಅಕ್ಕನಿಗೆ ಬಾಯಿಪಾಠ. ರಂಗದ ಮೇಲೆ ಯಾರಾದರೂ ತಡವರಿಸಿದರೆ ತುಟಿ ಅಲುಗದಂತೆ ಅವರ ಮಾತನ್ನು ಅವರಿಗೇ ದಾಟಿಸುತ್ತಿದ್ದಳು. ಮದುವೆಯಾದ ಮೇಲೆ ಬಣ್ಣ ಹಚ್ಚುವುದು ನಿಂತಿತು. ಭಾವ ಧಾರಾವಾಹಿಯ ಬರಹಗಾರರು. ಮೆತ್ತನೆ ಮಾತಿನ ಮನುಷ್ಯ. ದನಿ ಎತ್ತರಿಸಿದ್ದನ್ನು ಕಂಡವರಿಲ್ಲ. ದಿನಾ ಸಂಜೆ ಅವರು ಬರೆದ ಸಂಸಾರದ ಕಥೆ ಶುರುವಾದರೆ ಬೀದಿಯ ಮನೆಮನೆಯಿಂದಲೂ ಅದೇ ಸಂಗೀತ ಕೇಳಿಸುತ್ತಿತ್ತು.

ತಂಗಿ ಆ ಧಾರಾವಾಹಿಯನ್ನೂ ಬಿಡುತ್ತಿರಲಿಲ್ಲ. "ಇದರಲ್ಲಿ ಹೆಂಗಸರು ಮಾತಾಡಿದರೆ ಜೀವ ಬರುತ್ತದೆ, ಗಂಡಸರು ಬಾಯಿ ತೆರೆದರೆ ಕಾಗದ ಓದಿದಂತಿರುತ್ತದೆ. ಇಬ್ಬರು ಕೂತು ಬರೆದಂತಿದೆ" ಎಂದು ಒಮ್ಮೆ ಬರೆದಿದ್ದಳು. ಭಾವ ನಕ್ಕರು. "ತಕರಾರಮ್ಮ, ನೀನು ಬೈದ ವಾರವೇ ನಮ್ಮನ್ನ ಹೆಚ್ಚು ಜನ ನೋಡೋದು. ಬೈತಾ ಇರು" ಎಂದರು. ಅಕ್ಕ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಕಥೆಯಲ್ಲಿ ದೊಡ್ಡ ಸೊಸೆಗೆ ಮರೆವು ಶುರುವಾದದ್ದು ಆಮೇಲೆ. ಬೀಗದ ಕೈ ಅಕ್ಕಿ ಡಬ್ಬಿಯಲ್ಲಿ ಸಿಗುತ್ತದೆ. ಒಲೆಯ ಮೇಲಿಟ್ಟ ಹಾಲು ಸೀದುಹೋಗುತ್ತದೆ. ತಂಗಿಗೆ ಅದು ಹಿಡಿಸಲಿಲ್ಲ. ಅಂಕಣದಲ್ಲಿ ಹೀಗೆ ಬರೆದಳು: "ಯಾರೂ ಇಲ್ಲದ ಕೋಣೆಯಲ್ಲಿ ಮರೆತರೆ ಅದು ಮರೆವಲ್ಲ, ಬರಹಗಾರನ ಅನುಕೂಲ. ಅವಳನ್ನು ಪ್ರೀತಿಸುವವರು ಯಾರಾದರೂ ಅದನ್ನು ಕಣ್ಣಾರೆ ಕಾಣಬೇಕು. ಬೇರೆಯವರು ಬೆರಳು ತೋರಿಸುವ ಮೊದಲು ಅವಳೇ ಕ್ಷಮೆ ಕೇಳಬೇಕು. ಆಗ ನಾವು ನಂಬುತ್ತೇವೆ."

ಸ್ವಲ್ಪ ದಿನ ಕಳೆದು ಭಾವ ಊಟಕ್ಕೆ ಕರೆದರು. ಪಕ್ಕದ ಮನೆಯ ದಂಪತಿಯೂ ಬಂದಿದ್ದರು. ಮಾತು ಜೋರಾಗಿ ನಡೆದಿತ್ತು. ಭಾವ ನೀರಿನ ಜಗ್ ತುಂಬಿಸಿಕೊಂಡು ಬರುತ್ತೇನೆಂದು ಒಳಗೆ ಹೋಗಿ ಬಂದರು. ಆಮೇಲೆ ಸ್ವಲ್ಪ ಹೊತ್ತಿಗೆ ಸೀದ ವಾಸನೆ ಬಂತು. ಎಲ್ಲರೂ ಎದ್ದು ಹೋಗಿ ನೋಡಿದರೆ ಖಾಲಿ ಪಾತ್ರೆಯೊಂದು ಒಲೆಯ ಮೇಲೆ ಕಪ್ಪಗೆ ಕಾದು ಹೊಗೆಯಾಡುತ್ತಿತ್ತು.

"ನಾನು ಆರಿಸಿದ್ದೆ," ಎಂದಳು ಅಕ್ಕ. ಮತ್ತೆ ಎಲ್ಲರ ಮುಖ ನೋಡಿ, "ಇಲ್ಲ... ಆರಿಸಿಲ್ಲ ಅನ್ಸುತ್ತೆ. ತಪ್ಪಾಯ್ತು. ಈಚೆಗೆ ನನ್ನ ತಲೆ ನೆಟ್ಟಗಿಲ್ಲ."

"ಹೋಗ್ಲಿ ಬಿಡು. ಯಾರಿಗಾದ್ರೂ ಆಗುತ್ತೆ," ಎಂದು ಭಾವ ಒಲೆ ಆರಿಸಿದರು. ಆರಿಸುತ್ತ ನೋಡಿದ್ದು ಅಕ್ಕನನ್ನಲ್ಲ, ತಂಗಿಯನ್ನು. "ನೀನೇ ಕಣ್ಣಾರೆ ನೋಡಿದೆಯಲ್ಲ," ಎಂದರು ಮೆಲ್ಲಗೆ.

ಆ 'ಕಣ್ಣಾರೆ' ತಂಗಿ ತನ್ನ ಅಂಕಣದಲ್ಲಿ ಬರೆದ ಮಾತು.

ಬಸ್ಸಿನಲ್ಲಿ ಮನೆಗೆ ಮರಳುವಾಗ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಪಾಪ, ಹೆಂಡತಿಗೆ ನಿಜವಾಗಿ ಮರೆವು ಬಂದಿರಬೇಕು, ಮನೆಯ ಸಂಕಟವನ್ನೇ ಮನುಷ್ಯ ಕಥೆಗೆ ಹಾಕುತ್ತಿದ್ದಾನೆ, ಬರೆಯುವವರೆಲ್ಲ ಮಾಡುವುದೇ ಅಷ್ಟು. ಮಾರನೇ ದಿನ ಅಕ್ಕನಿಗೆ ಫೋನ್ ಮಾಡಿದಳು.

"ಯಾವಾಗಿಂದ ಹೀಗಾಗ್ತಿದೆ?"

"ಈ ತಿಂಗಳಿಂದ ಕಣೆ. ಮೊದಲು ಬೀಗದ ಕೈ. ಎಲ್ಲ ಕಡೆ ಹುಡುಕಿದ್ದಾಯ್ತು, ಕೊನೆಗೆ ಅಕ್ಕಿ ಡಬ್ಬೀಲಿ ಸಿಕ್ತು. ನಗು ಬರುತ್ತೆ, ಅಲ್ವಾ? ಅವರ ಕಥೆಯಲ್ಲಿ ಬಂದ ಹಾಗೇ."

"ಕಥೇಲಿ ಬಂದಮೇಲಾ, ಮೊದಲಾ?"

"ಬಂದಮೇಲೆ. ಅದನ್ನ ನೋಡಿ ನೋಡಿ ನನ್ನ ತಲೇಲೂ ಅದೇ ಹೊಕ್ಕಿದೆ ಅಂತಾರೆ ಇವರು." ಅಕ್ಕ ದನಿ ತಗ್ಗಿಸಿದಳು. "ನಿನಗೆ ಹೇಳಿರಲಿಲ್ಲ. ಇದೆಲ್ಲ ಶುರುವಾಗೋ ಮುಂಚೆ ನಮ್ಮ ಹಳೇ ನಿರ್ದೇಶಕರು ಬಂದಿದ್ರು. ಹೊಸ ನಾಟಕವಂತೆ, ಮುಖ್ಯ ಪಾತ್ರ ನಾನೇ ಮಾಡಬೇಕಂತೆ. ಒಪ್ಪಿಕೊಂಡುಬಿಟ್ಟಿದ್ದೆ. ಈಗ ಈ ತಲೆ ಇಟ್ಕೊಂಡು ಹೇಗೆ ಹೋಗಲಿ?"

"ಧಾರಾವಾಹಿ ಹೆಂಗಸರ ಮಾತು ಯಾರು ಬರೆಯೋದು ಅಕ್ಕ?"

"ಬರೆಯೋದು ಅವರೇ. ನಾನು ಬೆಳಿಗ್ಗೆ ಅಡುಗೆ ಮಾಡ್ತಾ ಹೇಳ್ತೀನಿ, ಅಷ್ಟೆ. ಇವಳು ಹೀಗಂದ್ರೆ ಅವಳು ಹಾಗಂತಾಳೆ ಅಂತ."

ತಂಗಿ ಫೋನ್ ಕೆಳಗಿಟ್ಟಳು. ಪಾತ್ರವೊಂದು ಯಾಕೆ ಹೀಗೆ ಮಾಡಿತು ಎಂದು ಕೇಳುವುದೇ ಅವಳ ಕಸುಬು. ಅಕ್ಕ ತಾಲೀಮಿಗೆ ಹೋದರೆ ಬೆಳಗಿನ ಆ ಅಡುಗೆಮನೆ ಖಾಲಿ. ಅಡುಗೆಮನೆ ಖಾಲಿಯಾದರೆ ಭಾವನ ಕಾಗದವೂ ಖಾಲಿ. ಆದರೆ ಇದನ್ನು ಯಾರ ಮುಂದೆ ಹೇಳುವುದು? ಟಿವಿ ನೋಡಿ ನೋಡಿ ಇವಳಿಗೂ ತಲೆ ಕೆಟ್ಟಿತು ಎಂದಾರು.

ಕಡೆಗೆ ಒಂದು ಉಪಾಯ ಹೊಳೆಯಿತು. ಅದು ತನಗೇ ಹೇಸಿಗೆ ತರುವಂಥದ್ದು. ಮುಂದಿನ ಅಂಕಣದಲ್ಲಿ, ದೊಡ್ಡ ಸೊಸೆಯ ಮರೆವು ಈಗ ಪರವಾಗಿಲ್ಲ ಎಂದು ಹೊಗಳಿ, ಕೊನೆಗೆ ಒಂದು ತಕರಾರು ಸೇರಿಸಿದಳು. "ಮರೆಯುವವರು ಕಳೆದುಕೊಳ್ಳುವುದಷ್ಟೇ ಅಲ್ಲ, ತಂದದ್ದನ್ನೇ ಮತ್ತೆ ಮತ್ತೆ ತರುತ್ತಾರೆ. ಈ ಸೊಸೆಯ ಕಪಾಟು ತೆರೆದರೆ ಒಂದೇ ಬಗೆಯ ಸೋಪು ರಾಶಿ ಬಿದ್ದಿರಬೇಕಿತ್ತು. ಬರಹಗಾರರಿಗೆ ಇದು ಹೊಳೆದಿಲ್ಲ." ಸೋಪೇ ಆಗಲಿ ಎಂದು ಯೋಚಿಸಿಯೇ ಬರೆದಿದ್ದಳು. ಅದರಿಂದ ಯಾರ ಕೈಯೂ ಸುಡುವುದಿಲ್ಲ.

ಹಾಗೇನೂ ಆಗದಿರಲಿ, ತನ್ನ ಅನುಮಾನ ಮಣ್ಣುಪಾಲಾಗಲಿ ಎಂದು ದಿನವೂ ಅಂದುಕೊಂಡಳು. ಮುಂದಿನ ಭಾನುವಾರ ಬರುವ ಮೊದಲೇ ಅಕ್ಕನ ಫೋನ್ ಬಂತು. ಅಕ್ಕ ಅಳುತ್ತಿರಲಿಲ್ಲ. ಅತ್ತು ಮುಗಿದವರ ದನಿಯಿತ್ತು.

"ಕಪಾಟು ತೆಗೆದೆ ಕಣೆ. ಬಟ್ಟೆ ಹಿಂದೆ ತುಂಬ ಸೋಪು. ಎಲ್ಲ ಒಂದೇ ಥರದ್ದು. ನಾನು ಯಾವಾಗ ತಂದೆ ಅಂತ ಒಂಚೂರೂ ನೆನಪಿಲ್ಲ. ನಾಟಕಕ್ಕೆ ಬರಲ್ಲ ಅಂತ ನಿರ್ದೇಶಕರಿಗೆ ಹೇಳಿಬಿಡ್ತೀನಿ. ನಾಳೆ ಇವರು ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾರಂತೆ."

"ಯಾರಿಗೂ ಏನೂ ಹೇಳಬೇಡ. ನಾನು ಬರ್ತಿದೀನಿ."

ಹೋದಾಗ ಮಧ್ಯಾಹ್ನ. ಭಾವನ ಕೋಣೆಯ ಬಾಗಿಲು ಮುಚ್ಚಿತ್ತು. ಅಕ್ಕ ಅಡುಗೆಮನೆಯ ಕಟ್ಟೆಯ ಮೇಲೆ ಸೋಪುಗಳನ್ನು ಒಂದರ ಮೇಲೊಂದು ಜೋಡಿಸಿ ಅದನ್ನೇ ನೋಡುತ್ತ ನಿಂತಿದ್ದಳು. ತಂಗಿ ಚೀಲದಿಂದ ಪತ್ರಿಕೆ ತೆಗೆದು ಆ ಸಾಲುಗಳ ಮೇಲೆ ಬೆರಳಿಟ್ಟಳು. ಅಕ್ಕ ಓದಿದಳು. ಮುಖದಲ್ಲಿ ಕೋಪ ಬಂತು, ಆದರೆ ಬಂದದ್ದು ತಂಗಿಯ ಮೇಲೆ.

"ಎಲ್ಲರ ಮನೇಲೂ ಖಳನಾಯಕರನ್ನೇ ಹುಡುಕ್ತೀಯ ನೀನು. ಅವರು ನನ್ನನ್ನ ಮಗು ಥರ ನೋಡ್ಕೊಳ್ತಿದಾರೆ. ಇದು ನಿನ್ನ ಅಂಕಣ ಅಲ್ಲ, ನನ್ನ ಸಂಸಾರ."

ತಂಗಿಗೆ ಏನು ತೋಚಿತೋ, ಅಕ್ಕ ಮದುವೆಗೆ ಮುಂಚೆ ಕೊನೆಯದಾಗಿ ಆಡಿದ ನಾಟಕದ ಮೊದಲ ಮಾತು ಹೇಳಿದಳು. ದೋಣಿ ನಡೆಸುವ ವಿಧವೆಯೊಬ್ಬಳ ಕಥೆ ಅದು. "ಆಚೆ ದಡಕ್ಕೆ ಯಾರಿದ್ದೀರಿ?"

ಅಕ್ಕ ಯೋಚಿಸಲೇ ಇಲ್ಲ. "ಹೋಗುವವರು ಯಾರೂ ಇಲ್ಲ, ಹೊತ್ತೊಯ್ಯುವುದೊಂದಿದೆ." ಆಮೇಲೆ ವ್ಯಾಪಾರಿಯ ಮಾತು, ಅದಕ್ಕೆ ವಿಧವೆಯ ಉತ್ತರ, ಕುಡುಕ ತಮ್ಮನ ತೊದಲು, ಮುದುಕಿಯ ಶಾಪ, ಒಂದರ ಹಿಂದೊಂದು ಹರಿದು ಬಂದವು. ದನಿ ಬದಲಾಯಿತು, ಬೆನ್ನು ಬಾಗಿತು, ನೆಟ್ಟಗಾಯಿತು. ಅಷ್ಟು ವರ್ಷ ಮುಟ್ಟದ ಅಂಕವನ್ನು ಒಂದು ಮಾತೂ ತಪ್ಪದೆ ಮುಗಿಸಿ ಅಕ್ಕ ಏದುಸಿರು ಬಿಡುತ್ತ ನಿಂತಳು.

ಬಾಗಿಲಲ್ಲಿ ಭಾವ ನಿಂತಿದ್ದರು. ಯಾವಾಗ ಬಂದರೋ ಇಬ್ಬರಿಗೂ ತಿಳಿಯಲಿಲ್ಲ.

"ಚೆನ್ನಾಗಿದೆ," ಎಂದರು ಅದೇ ಮೆತ್ತನೆಯ ದನಿಯಲ್ಲಿ. "ಹಳೇದೆಲ್ಲ ಹಾಗೇ ಉಳಿಯುತ್ತಂತೆ. ಮರೆತುಹೋಗೋದು ಹೊಸದು. ನಿನ್ನೆ ತಂದ ಸೋಪು, ಇವತ್ತಿನ ಒಲೆ. ಅದೇ ಈ ಕಾಯಿಲೆಯ ಲಕ್ಷಣ. ಅಲ್ವಾ, ತಕರಾರಮ್ಮ?"

ಮಾತು ಸರಿಯಾಗಿಯೇ ಹೊಂದುತ್ತಿತ್ತು. ಅಕ್ಕ ಗಂಡನನ್ನೇ ನೋಡುತ್ತಿದ್ದಳು. ರಂಗದ ಮೇಲೆ ಎದುರಿನ ನಟ ಎಲ್ಲಿ ಎಡವಿದ ಎಂದು ಗುರುತು ಹಿಡಿಯುವ ನೋಟ ಅದು.

"ರೀ," ಎಂದಳು, "ಕಾಯಿಲೆ ನನ್ನದು. ನೀವು ಯಾಕೆ ಅವಳನ್ನ ನೋಡಿ ಹೇಳ್ತಿದೀರಿ?"

"ಅಂದ್ರೆ?"

"ಅವತ್ತು ಪಾತ್ರೆ ಸೀದಾಗಲೂ ಹಾಗೇ. ನನ್ನ ಮುಖ ನೋಡಲಿಲ್ಲ ನೀವು. ಹೆಂಡತಿಗೆ ಏನೋ ಆಗಿದೆ ಅಂತ ಹೆದರಿದ ಗಂಡ ಹೆಂಡತಿಯನ್ನ ನೋಡ್ತಾನೆ. ನೀವು ನಾಟಕ ಹೇಗಿತ್ತು ಅಂತ ಕೇಳೋ ಹಾಗೆ ಅವಳನ್ನ ನೋಡಿದ್ರಿ."

ಅಷ್ಟು ಮಾತು ಬರೆದ ಮನುಷ್ಯನಿಗೆ ಮುಂದಿನ ಮಾತು ಸಿಗಲಿಲ್ಲ. ಅಭ್ಯಾಸಬಲದಿಂದ ಅವರ ಕಣ್ಣು ಅಕ್ಕನ ಕಡೆ ಹೊರಳಿತು. ಇಲ್ಲಿ ನಾನೇನು ಹೇಳಬೇಕು ಎಂದು ದಿನಾ ಬೆಳಿಗ್ಗೆ ಕೇಳುವ ಹಾಗೆ. ಅಕ್ಕ ಹೇಳಿಕೊಡಲಿಲ್ಲ. ಕೋಣೆಗೆ ಹೋಗಿ ಒಂದಷ್ಟು ಬಟ್ಟೆ ಚೀಲಕ್ಕೆ ತುಂಬಿದಳು. ಅವರು ತಡೆಯಲಿಲ್ಲ. ಹೊಸಿಲಿನ ಹತ್ತಿರ ಮಾತ್ರ, "ಹುಷಾರು. ದಾರಿ ಮರೆತೀಯ," ಎಂದರು. ಹೆದರಿಸಿದ್ದೋ ಕಾಳಜಿಯೋ, ತಂಗಿಗೆ ಇವತ್ತಿಗೂ ಗೊತ್ತಾಗಿಲ್ಲ.

ಅಕ್ಕ ತಂಗಿಯ ಮನೆಯಲ್ಲಿ ಉಳಿದಳು, ತಾಲೀಮಿಗೆ ಹೋಗತೊಡಗಿದಳು. ಬೀಗದ ಕೈ ಇಟ್ಟಲ್ಲೇ ಇರುತ್ತಿತ್ತು. ಹಾಲು ಸೀಯಲಿಲ್ಲ. ಆದರೂ ಹೊರಗೆ ಹೊರಟವಳು ಅರ್ಧ ದಾರಿಯಿಂದ ಹಿಂದೆ ಬಂದು ಒಲೆ ಮುಟ್ಟಿ ನೋಡುತ್ತಿದ್ದಳು. ತಂಗಿ ಕಂಡೂ ಕಾಣದಂತೆ ಇರುತ್ತಿದ್ದಳು. ಸಂಪಾದಕರಿಗೆ ಆ ಧಾರಾವಾಹಿಯ ಬಗ್ಗೆ ಇನ್ನು ಒಂದಕ್ಷರವೂ ಬರೆಯುವುದಿಲ್ಲ ಎಂದು ಹೇಳಿಬಿಟ್ಟಳು.

ಧಾರಾವಾಹಿ ಮಾತ್ರ ನಿಲ್ಲಲಿಲ್ಲ. ಈಗ ಅದರಲ್ಲಿ ಹೆಂಗಸರೂ ಕಾಗದ ಓದಿದಂತೆ ಮಾತಾಡುತ್ತಿದ್ದರು. ಬೇರೆಯವರಿಗೆ ಅದು ತಿಳಿದಂತಿರಲಿಲ್ಲ. ಕಥೆಯಲ್ಲಿ ಹೊಸಬಳೊಬ್ಬಳು ಬಂದಳು, ದೊಡ್ಡ ಸೊಸೆಯ ತಂಗಿ, ಮನೆಮುರುಕಿ. ಮರೆಗುಳಿ ಅಕ್ಕನನ್ನು ಪುಸಲಾಯಿಸಿ ಮನೆಯಿಂದ ಹೊರಡಿಸುತ್ತಾಳೆ, ನಾಟಕಕ್ಕೆ ಸೇರಿಸುತ್ತಾಳೆ. ಅಂಗಡಿಯ ಸಾಲಿನಲ್ಲಿ ನಿಂತ ಹೆಂಗಸರು, "ಅವಳ ನಾಲಿಗೆ ಸೇದಿಹೋಗ" ಎಂದು ಅವಳಿಗೆ ಶಾಪ ಹಾಕುವುದನ್ನು ತಂಗಿ ತನ್ನ ಕಿವಿಯಿಂದಲೇ ಕೇಳಿದಳು. ಅಕ್ಕನ ನಾಟಕದ ಹಿಂದಿನ ಸಂಜೆಯ ಕಂತಿನಲ್ಲಿ ದೊಡ್ಡ ಸೊಸೆ ತುಂಬಿದ ಸಭೆಯ ಮುಂದೆ ಮಾತು ಮರೆತು, ಬಾಯಿ ತೆರೆದು ನಿಂತಳು. ಜನ ನಕ್ಕರು. ಅಕ್ಕ ಅದನ್ನು ಕೊನೆಯವರೆಗೂ ನೋಡಿ ಟಿವಿ ಆರಿಸಿದಳು.

"ಆ ಪಾತ್ರ ಮಾಡೋ ಹುಡುಗಿ ಕೈ ಎಲ್ಲಿಡಬೇಕು ಅಂತ ಗೊತ್ತಿಲ್ಲದೆ ಒದ್ದಾಡ್ತಾ ಇದಾಳೆ. ಪಾಪ," ಎಂದಷ್ಟೇ ಹೇಳಿದಳು.

ಮಾರನೇ ಸಂಜೆ ರಂಗಮಂದಿರ ತುಂಬಿತ್ತು. ದೀಪ ಆರುವ ಮುನ್ನ ತಂಗಿ ಹಿಂದಿನ ಸಾಲಿನಿಂದ ನೋಡಿದಳು. ಮೊದಲ ಸಾಲಿನ ನಡುವೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಭಾವ. ಅಕ್ಕ ಬಂದಳು, ಆಡಿದಳು, ಸಭೆ ಉಸಿರು ಹಿಡಿದು ಕೇಳಿತು. ನಡುವೆ, ಮಗಳಿಗೆ ಬುದ್ಧಿ ಹೇಳುವ ಕಡೆ, ಅಕ್ಕ ಸುಮ್ಮನಾದಳು. ತಾಲೀಮಿನಲ್ಲಿ ಅಲ್ಲಿ ಮೌನವಿರಲಿಲ್ಲ. ಎದುರಿದ್ದ ಹುಡುಗಿ ಕಣ್ಣಲ್ಲೇ ಬೇಡುತ್ತಿದ್ದಳು. ಸಭೆಯಲ್ಲಿ ಯಾರೋ ಕೆಮ್ಮಿದರು. ಭಾವ ಕುರ್ಚಿಯ ಅಂಚಿಗೆ ಜರುಗಿ ಮುಂದಕ್ಕೆ ಬಾಗಿದರು.

ಅಕ್ಕ ಅವರನ್ನು ನೋಡಿದಳು. ನೋಡುತ್ತಲೇ, ಮುಂದಿನ ಮಾತನ್ನು ನಿಧಾನವಾಗಿ, ಅಕ್ಷರ ಅಕ್ಷರವೂ ಹಿಂದಿನ ಸಾಲಿಗೆ ಮುಟ್ಟುವಂತೆ ಹೇಳಿದಳು. ಆಮೇಲೆ ನಾಟಕ ಎಲ್ಲೂ ನಿಲ್ಲಲಿಲ್ಲ.

ಚಪ್ಪಾಳೆಯ ನಡುವೆ ತಂಗಿ ಹೊರಗೆ ಓಡಿದಳು. ಕಂಬದ ಪಕ್ಕದಲ್ಲಿ ಭಾವ ಕಾಯುತ್ತಿದ್ದರು. ಮುಖದಲ್ಲಿ ಸೋತ ಕಳೆ ಇರಲಿಲ್ಲ.

"ಆ ಮೌನ ಬಹಳ ಚೆನ್ನಾಗಿತ್ತು," ಎಂದರು. "ಬರೀತೀಯ ತಾನೆ? ಯಾಕೆ ಚೆನ್ನಾಗಿತ್ತು ಅಂತ ಬಿಡಿಸಿ ಬರೆ. ನೀನು ಬರೆದ್ರೇನೇ ನನಗೆ ಅರ್ಥವಾಗೋದು."

ಅವರು ಅಂಗಿಯ ತೋಳು ಸರಿಮಾಡಿಕೊಂಡು ಮೆಟ್ಟಿಲಿಳಿದು ಜನರಲ್ಲಿ ಬೆರೆತರು. ಬಿಳಿ ಅಂಗಿಗಳು ಬಹಳ ಇದ್ದವು. ಅವರು ಯಾವ ಕಡೆ ಹೋದರೆಂದು ಅವಳಿಗೆ ಕಾಣಲಿಲ್ಲ. ಒಳಗೆ ಅಕ್ಕ ಬಣ್ಣ ಒರೆಸುತ್ತ ಅವಳ ದಾರಿ ನೋಡುತ್ತಿದ್ದಳು.