ಸುಣ್ಣದಲ್ಲಿ ಬೆಂದ ಗೆಣಸು

ಕೆಲವರು ಅಂಚೆಚೀಟಿ ಕೂಡಿಸುತ್ತಾರೆ, ನಾನು ಮಕ್ಕಳ ತಪ್ಪು ಕೂಡಿಸುತ್ತಿದ್ದೆ. ಹೊನ್ನಾವರದ ಹೈಸ್ಕೂಲಿಗೆ ರಸಾಯನಶಾಸ್ತ್ರದ ಮಾಸ್ತರನಾಗಿ ಬಂದ ಆರು ವರ್ಷದಲ್ಲಿ ಅಂಥ ನೋಟುಬುಕ್ಕು ಮೂರು ತುಂಬಿದ್ದವು. ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಾಗ ಕೆಂಪು ಶಾಯಿಯ ಪೆನ್ನು ಬಲಗೈಯಲ್ಲಿ, ನೋಟುಬುಕ್ಕು ಎಡಗೈ ಹತ್ತಿರ.

ಆಮ್ಲಕ್ಕೆ ನೀರು ಸುರಿಯುವವರು ಪ್ರತಿವರ್ಷ ಐದಾರು ಜನ ಸಿಗುತ್ತಿದ್ದರು. ನೀರಿಗೆ ಆಮ್ಲವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು ಎಂದು ನಾನು ಗಂಟಲು ಹರಿದುಕೊಂಡು ಹೇಳಿದರೂ, ಅವರು ಕಾಗದದ ಮೇಲೆ ಕೊಡಪಾನ ಎತ್ತಿ ಸುರಿದುಬಿಡುತ್ತಿದ್ದರು. ಬಣ್ಣವಿಲ್ಲದ ಅನಿಲವನ್ನು ‘ಬಿಳಿ ಹೊಗೆ’ ಎನ್ನುವವರು ಹತ್ತು ಜನ. ಸಮೀಕರಣದ ಎಡಗಡೆ ಇದ್ದ ಎರಡು ಪರಮಾಣುಗಳನ್ನು ಬಲಗಡೆಗೆ ಬರುವಷ್ಟರಲ್ಲಿ ಕಳೆದುಕೊಳ್ಳುವವರಿಗೆ ಲೆಕ್ಕವೇ ಇಲ್ಲ. ಕರ್ಕಿಯ ಮಾದೇವ ಎಂಬ ಹುಡುಗನಂತೂ, ‘ಆಮ್ಲಜನಕಕ್ಕೆ ವಾಸನೆ ಇದೆಯೇ?’ ಎಂಬ ಪ್ರಶ್ನೆಗೆ, ‘ಪ್ರಯೋಗದ ದಿನ ನನಗೆ ನೆಗಡಿಯಾಗಿತ್ತು’ ಎಂದು ಬರೆದಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಮನೆಗೆ ಹೋದ ಮೇಲೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ, ಅದು ಬೇರೆ ಮಾತು.

ಈ ತಪ್ಪುಗಳಿಗೆಲ್ಲ ಮೂಲ ಒಂದೇ ಎಂದು ನನ್ನ ನಂಬಿಕೆ. ಮಕ್ಕಳು ಕಂಡದ್ದನ್ನು ಬರೆಯುವುದಿಲ್ಲ, ಪುಸ್ತಕದಲ್ಲಿ ಓದಿದ್ದನ್ನು ಅರ್ಧ ಮರೆತು ಬರೆಯುತ್ತಾರೆ. ಅದಕ್ಕೇ ತರಗತಿಯಲ್ಲಿ ದಿನಕ್ಕೆ ಮೂರು ಸಲ ಹೇಳುತ್ತಿದ್ದೆ: “ಕಣ್ಣಲ್ಲಿ ಕಂಡದ್ದನ್ನು ಬರೀರಿ.” ಆದರೆ ಕಾಣಿಸುವುದಕ್ಕೆ ನಮ್ಮಲ್ಲಿ ಇದ್ದದ್ದಾದರೂ ಏನು? ಒಂದು ಬೀರು, ನಾಲ್ಕು ಪ್ರನಾಳ, ಹೊಗೆ ಹಿಡಿದ ಒಂದು ಸ್ಪಿರಿಟ್ ದೀಪ.

ಹಾಗಾಗಿ ಅರವತ್ತಮೂರರ ಜನವರಿಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳನ್ನು ದೋಣಿಯಲ್ಲಿ ಮಾವಿನಕುರ್ವೆ ಎಂಬ ನಡುಗಡ್ಡೆಗೆ ಕರೆದುಕೊಂಡು ಹೋದೆ. ಅಲ್ಲಿ ಹೊಳೆಯ ಚಿಪ್ಪಿ ಸುಟ್ಟು ಸುಣ್ಣ ಮಾಡುವ ಭಟ್ಟಿ ಇತ್ತು. ತರಗತಿಯಲ್ಲಿ ಇಪ್ಪತ್ತೇಳು ಜನ, ದೋಣಿ ಹತ್ತಿದವರು ಇಪ್ಪತ್ತಾರು. ಗಂಗಿಗೆ ಜ್ವರ ಎಂದು ಅವಳ ಗೆಳತಿ ಗಣಪಿ ಹೇಳಿದಳು. ಗಂಗಿ ಮುಂದಿನ ಬೆಂಚಿನ ತುದಿಯಲ್ಲಿ ಕೂರುವ, ಕೇಳಿದರೆ ಮಾತ್ರ ಬಾಯಿ ತೆರೆಯುವ ಹುಡುಗಿ. ಪುಸ್ತಕವನ್ನು ಅಲ್ಪವಿರಾಮದ ಸಮೇತ ಒಪ್ಪಿಸುತ್ತಿದ್ದಳು. ನನ್ನ ನೋಟುಬುಕ್ಕಿಗೆ ಮೂರು ವರ್ಷದಲ್ಲಿ ಒಂದು ತಪ್ಪನ್ನೂ ಕೊಟ್ಟವಳಲ್ಲ. ನಿಜ ಹೇಳಬೇಕೆಂದರೆ ನನಗೆ ಅದರ ಬಗ್ಗೆ ಸ್ವಲ್ಪ ಬೇಜಾರೇ ಇತ್ತು.

ಭಟ್ಟಿಯ ಒಡತಿ ಸುಬ್ಬಿ ಎಂಬ ಹೆಂಗಸು. ಬೆಂಕಿ ಆರಿದ ಭಟ್ಟಿಯಿಂದ ಸುಟ್ಟ ಸುಣ್ಣವನ್ನು ಎಳೆದು ನೆಲದ ಮೇಲೆ ರಾಶಿ ಮಾಡಿದ್ದಳು. ಅದರ ನಡುವೆ ಗುಳಿ ಮಾಡಿ, ಬಾಯಿ ಕಟ್ಟಿದ ದೊಡ್ಡದೊಂದು ಗಡಿಗೆ ಹೂತಳು. ಆಮೇಲೆ ದೂರ ನಿಂತು, ಉದ್ದ ಹಿಡಿಯ ಕರಟದಿಂದ ಸುತ್ತಲೂ ನೀರು ಚಿಮುಕಿಸತೊಡಗಿದಳು. ಸುಣ್ಣ ಬುಸುಗುಟ್ಟಿತು. ಚಟಚಟ ಸಿಡಿದು, ಬಿರಿದು, ಉಬ್ಬಿ, ಕಣ್ಣೆದುರಿಗೇ ಹಿಟ್ಟಿನ ಹಾಗೆ ಅರಳಿತು. ಆವಿ ತೆಂಗಿನ ಮರದ ಅರ್ಧದವರೆಗೆ ಎದ್ದಿತು. ಬೆಂಕಿಯಿಲ್ಲ, ಕಡ್ಡಿ ಗೀರಿಲ್ಲ, ಬರೀ ನೀರು ಬಿದ್ದದ್ದಕ್ಕೆ ಇಷ್ಟು ಕಾವು! ನಾನು ಕುಣಿಯುವುದೊಂದು ಬಾಕಿ. “ಬರ್ಕೊಳ್ಳಿ, ಉಷ್ಣ ಹೊರಗೆ ಬರ್ತಾ ಇದೆ!” ಎಂದು ಕೂಗಿದೆ.

ಮುಕ್ಕಾಲು ತಾಸಾದ ಮೇಲೆ ಸುಬ್ಬಿ ಗಡಿಗೆ ತೆಗೆದು ಬಾಯಿ ಬಿಚ್ಚಿದಳು. ಒಳಗೆ ಗೆಣಸು ಬೆಂದು ಸಿಪ್ಪೆ ಒಡೆದಿತ್ತು. ಸುಣ್ಣ ಅರಳಿಸುವ ದಿನ ಒಲೆ ಹಚ್ಚದೆ ಹೀಗೆ ಗೆಣಸು ಬೇಯಿಸಿಕೊಳ್ಳುವುದು ಭಟ್ಟಿಯವರ ರೂಢಿಯಂತೆ. ಮಕ್ಕಳಿಗೆಲ್ಲ ಒಂದೊಂದು ಕೊಟ್ಟಳು, ನನಗೂ ಕೊಟ್ಟಳು. ಕೊನೆಗೆ ಒಂದನ್ನು ಬಾಳೆಎಲೆಯಲ್ಲಿ ಸುತ್ತಿ ಎತ್ತಿಟ್ಟಳು.

“ಅದು ಯಾರಿಗೆ?” ಎಂದು ಕೇಳಿದೆ.

“ಬರದೆ ಇದ್ದವ್ರಿಗೊಂದು,” ಎಂದಳು. ಧರ್ಮದ ಮಾತು ಎಂದುಕೊಂಡು ನಾನು ಮಕ್ಕಳನ್ನು ಎಣಿಸಿ ದೋಣಿ ಹತ್ತಿಸಿದೆ.

ಮಾರ್ಚಿನಲ್ಲಿ ಪರೀಕ್ಷೆ ಮುಗಿಯಿತು. ಮೇ ತಿಂಗಳ ನಡುವೆ ಮೇಲಿನ ಕಚೇರಿಯಿಂದ ಹೆಡ್ ಮಾಸ್ತರರಿಗೆ ಪತ್ರ ಬಂತು. ರಸಾಯನಶಾಸ್ತ್ರದ ನಾಲ್ಕನೆಯ ಪ್ರಶ್ನೆ: ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಏನಾಗುತ್ತದೆ? ಈ ಕ್ರಿಯೆಯ ಒಂದು ಉಪಯೋಗ ತಿಳಿಸಿ. ನಮ್ಮ ಇಪ್ಪತ್ತೇಳು ಮಕ್ಕಳಲ್ಲಿ ಇಪ್ಪತ್ತಾರು ಮಂದಿ ‘ಗೆಣಸು ಬೇಯಿಸಲು’ ಎಂದು ಬರೆದಿದ್ದರು. ಯಾವ ಪುಸ್ತಕದಲ್ಲೂ ಇಲ್ಲದ ಒಂದೇ ತಪ್ಪು ಇಪ್ಪತ್ತಾರು ಕಡೆ ಬಂದಿರುವುದರಿಂದ ಪರೀಕ್ಷೆಯ ಕೋಣೆಯಲ್ಲಿ ಯಾರೋ ಹೇಳಿಕೊಟ್ಟಿರಬೇಕೆಂಬ ಸಂಶಯ. ಇಡೀ ತರಗತಿಯ ಫಲಿತಾಂಶ ತಡೆಹಿಡಿಯಲಾಗಿದೆ, ವಿಚಾರಣೆಗೆ ಅಧಿಕಾರಿ ಬರುತ್ತಾರೆ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನದು ಗೆಣಸಿಗೆ ಹೋಗುವುದರಲ್ಲಿತ್ತು. ಮನೆಗೆ ಬಂದು ಚೀಲ ಎಸೆದು ಕೂತೆ. ನನ್ನ ಹೆಂಡತಿ ಸಂತೆಗುಳಿಯ ಕಡೆಯವಳು, ಎಲ್ಲವನ್ನೂ ಕೇಳಿ ಮಜ್ಜಿಗೆ ಕೊಡುತ್ತ, “ಗೆಣಸು ಬೇಯ್ಸದು ಉಪಯೋಗ ಅಲ್ದಾ? ಅದ್ರಲ್ಲಿ ಎಂತ ತಪ್ಪಿದ್ದು?” ಎಂದಳು.

“ನಿಂಗೆ ಗೊತ್ತಾಗ್ತಿಲ್ಲೆ, ಸುಮ್ನಿರು,” ಎಂದೆ.

ಮರುದಿನ ಬೆಳಿಗ್ಗೆ ಗಂಗಿ ಮನೆ ಬಾಗಿಲಿಗೆ ಬಂದಳು. ಕೈಯಲ್ಲಿ ಕುಮಟೆಯ ಶಿಕ್ಷಕರ ತರಬೇತಿಯ ಅರ್ಜಿ. ಹೆಸರು, ಊರು, ಹುಟ್ಟಿದ ದಿನ ಎಲ್ಲ ಮುತ್ತಿನಂಥ ಅಕ್ಷರದಲ್ಲಿ ತುಂಬಿತ್ತು, ಅಂಕದ ಸಾಲು ಮಾತ್ರ ಖಾಲಿ.

“ಮಾಸ್ತರ್ರೆ, ಮೂವತ್ತೊಂದನೇ ತಾರೀಕಿನ ಒಳಗೆ ಕೊಡ್ಬೇಕಂತೆ. ರಿಸಲ್ಟ್ ಇಲ್ದೆ ಇದ್ರೆ ತಗಳೂದಿಲ್ಲ ಅಂದ್ರು.”

“ಆಮೇಲೆ ಮುಂದಿನ ವರ್ಷ?”

“ಮುಂದಿನ ವರ್ಷ ಕಳ್ಸೂದಿಲ್ಲ ಮಾಸ್ತರ್ರೆ. ತಂಗಿ ಇದ್ದಾಳೆ, ಅವಳ ಶಾಲೆ ಇದೆ. ಈ ವರ್ಷ ಆದ್ರೆ ಆತು, ಇಲ್ದೆ ಇದ್ರೆ ಇಲ್ಲ.”

ಸರಿಯಾದ ಉತ್ತರ ಬರೆದವಳು ಇವಳೊಬ್ಬಳೇ. ಪುಸ್ತಕದಲ್ಲಿ ಇದ್ದಂತೆ, ‘ಗೋಡೆಗೆ ಬಳಿಯುವ ಸುಣ್ಣ ತಯಾರಿಸಲು’ ಎಂದು ಬರೆದಿದ್ದಳು. ಉಳಿದವರು ತಿಂದ ಗೆಣಸಿಗೆ ತಿನ್ನದವಳು ದಂಡ ತೆರುವಂತಾಯಿತಲ್ಲ ಎಂದು ಸಂಕಟವಾಯಿತು.

ಇಪ್ಪತ್ತೇಳನೇ ತಾರೀಕು ಅಧಿಕಾರಿ ಬಂದರು. ಹೆಸರು ವಿರೂಪಾಕ್ಷಯ್ಯ, ತುಮಕೂರಿನ ಕಡೆಯವರು. ಆ ಸೆಕೆಯಲ್ಲೂ ಕಪ್ಪು ಕೋಟು, ಕೋಟಿನ ಜೇಬಿನಲ್ಲಿ ಎಲೆಅಡಿಕೆಯ ಡಬ್ಬಿ. ಹೆಡ್ ಮಾಸ್ತರರ ಕೋಣೆಯಲ್ಲಿ ಕೂತು, ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ, “ನೀವು ಬಾಯಿ ಬಿಡಕೂಡದು ಮೇಷ್ಟ್ರೇ,” ಎಂದು ಆಜ್ಞೆ ಮಾಡಿದರು. ಮಕ್ಕಳನ್ನು ಒಬ್ಬೊಬ್ಬರನ್ನೇ ಕರೆಸಿದರು.

ಮೊದಲು ಮಾದೇವ.

“ಗೆಣಸು ಬೇಯ್ಸೋದು ಅಂತ ನಿನಗೆ ಯಾರಪ್ಪ ಹೇಳಿಕೊಟ್ರು?”

“ಯಾರೂ ಹೇಳ್ಲಿಲ್ಲ ಸಾರ್. ತಿಂದೆ.”

ಎರಡನೆಯವಳು ಗಣಪಿ. ಅವಳೂ ತಿಂದಿದ್ದಳು. ಮೂರನೆಯವನು ಎರಡು ತಿಂದಿದ್ದೆ ಎಂದು ಒಪ್ಪಿಕೊಂಡ. ಹೀಗೆ ಹನ್ನೊಂದು ಗಂಟೆಯ ಹೊತ್ತಿಗೆ ಇಪ್ಪತ್ತಾರು ಮಕ್ಕಳೂ ತಿಂದಾಗಿತ್ತು.

“ಒಳ್ಳೇ ಗಿಳಿಪಾಠ ಮಾಡಿಸಿದೀರಿ!” ಎಂದು ಅವರು ನನ್ನ ಕಡೆ ತಿರುಗಿದರು. “ಮೂವತ್ತು ವರ್ಷದಿಂದ ದಿನಾ ಸುಣ್ಣ ತಿಂತಿದೀನಿ ಕಣ್ರೀ. ನಾಲಿಗೇನೇ ಬೇಯಲಿಲ್ಲ, ಗೆಣಸು ಬೇಯುತ್ತಾ?” ತಿನ್ನುವುದು ಅರಳಿದ ಸುಣ್ಣ, ಕಾವು ಹೊರಟು ಹೋದದ್ದು ಎಂದು ಹೇಳಲು ಬಾಯಿ ತುರಿಸಿತು. ಬಿಡಕೂಡದಲ್ಲ, ಹಲ್ಲು ಕಚ್ಚಿ ಕೂತೆ.

ಕೊನೆಗೆ ಗಂಗಿ ಬಂದಳು. ಅಧಿಕಾರಿಯ ದನಿ ಮೆತ್ತಗಾಯಿತು.

“ನೋಡಮ್ಮ, ಸರಿಯಾಗಿ ಬರೆದೋಳು ನೀನೊಬ್ಬಳೇ. ನಿನ್ನ ಮೇಲೆ ನಮಗೇನೂ ಸಂಶಯ ಇಲ್ಲ. ಪರೀಕ್ಷೆ ದಿನ ಯಾರು ಹೇಳಿಕೊಟ್ರು ಅಂತ ಹೇಳಿಬಿಡು. ನಿನ್ನ ರಿಸಲ್ಟು ಇವತ್ತೇ ತಂತಿ ಕೊಟ್ಟು ಬಿಡಿಸ್ತೀನಿ.”

ಇನ್ನು ನಾಲ್ಕೇ ದಿನ ಉಳಿದಿತ್ತು. ಹುಡುಗಿ ಯಾವುದಾದರೂ ಒಂದು ಹೆಸರು ಹೇಳಿದರೆ ಅವಳ ಅರ್ಜಿ ಕುಮಟೆ ಸೇರುತ್ತಿತ್ತು. ಹೇಳಿದ್ದರೆ ಅವಳನ್ನು ಬೈಯುವ ಧೈರ್ಯ ನನಗೂ ಇರುತ್ತಿರಲಿಲ್ಲ.

ಗಂಗಿ ಕತ್ತು ಎತ್ತಿ ಹೇಳಿದಳು:

“ಯಾರೂ ಹೇಳ್ಕೊಡ್ಲಿಲ್ಲ ಸಾರ್. ಆ ಭಟ್ಟಿ ನಮ್ದು. ಸುಬ್ಬಿ ನಮ್ಮ ಅಬ್ಬೆ. ನಂಗೆ ಆ ದಿನ ಜ್ವರ ಇರ್ಲಿಲ್ಲ, ಸುಳ್ಳು ಹೇಳಿದ್ದೆ. ಅಬ್ಬೆ ಮೈತುಂಬ ಸುಣ್ಣ ಮಾಡ್ಕಂಡು ನಿಂತದ್ದನ್ನ ಎಲ್ಲರೂ ನೋಡ್ತಾರೆ ಹೇಳಿ ನಾಚ್ಕೆ ಆತು. ಈ ವರ್ಷದ ಕಡೇ ಭಟ್ಟಿ ನಿನ್ನೆ ಆರಿದೆ, ಇವತ್ತು ಸುಣ್ಣ ಅರಳ್ಸೂದು. ಬನ್ನಿ, ತೋರಿಸ್ತೆ.”

ಅವಳು ಯಾರ ಮಗಳು ಎಂಬುದು ತರಗತಿಯ ಇಪ್ಪತ್ತಾರು ಮಕ್ಕಳಿಗೂ ಗೊತ್ತಿತ್ತಂತೆ. ಗೊತ್ತಿಲ್ಲದೆ ಇದ್ದವನು ಮೂರು ವರ್ಷ ಪಾಠ ಹೇಳಿದ ನಾನೊಬ್ಬ.

ದೋಣಿ ಹತ್ತಿದೆವು. ವಿರೂಪಾಕ್ಷಯ್ಯನವರು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದವರು ದಡ ಬರುವವರೆಗೆ ಬಿಡಲಿಲ್ಲ. ಭಟ್ಟಿಯ ಹತ್ತಿರ ಸುಬ್ಬಿ ಗಡಿಗೆ ಹೂತು, ಕರಟ ಕೈಗೆ ತೆಗೆದುಕೊಳ್ಳುತ್ತಿದ್ದಳು. ಕೋಟು ಹಾಕಿದವರನ್ನು ಕಂಡು ಗಾಬರಿಯಾದಳು.

“ಒಳಗೆ ಬೆಂಕಿ ಇಟ್ಟಿಲ್ಲ ತಾನೆ? ಪಕ್ಕಕ್ಕೆ ಸರೀರಿ, ನಾನೇ ನೋಡ್ತೀನಿ,” ಎಂದ ಅಧಿಕಾರಿ, ಪಕ್ಕದಲ್ಲಿದ್ದ ಕೊಡಪಾನವನ್ನೇ ಎತ್ತಿ, ರಾಶಿಯ ಮೇಲೆ ಬಗ್ಗಿ, ನೀರನ್ನು ಒಮ್ಮೆಲೇ ಸುರಿಯಹೊರಟರು. ಮೂರು ನೋಟುಬುಕ್ಕಿನ ಮೊದಲ ಪುಟದಲ್ಲೂ ಇದ್ದ ತಪ್ಪು, ಈಗ ಕೋಟು ಹಾಕಿಕೊಂಡು ನನ್ನೆದುರಿಗೇ ನಿಂತಿತ್ತು.

“ಸಾರ್, ಹಿಂದೆ ಬನ್ನಿ! ಹಾಂಗೆ ಹೊಯ್ಯೂಕೆ ಆಗ!” ಎಂದು ಗಂಗಿ ಅವರ ತೋಳು ಹಿಡಿದು ಎಳೆದಳು. ಅಷ್ಟರಲ್ಲಿ ಒಂದು ಸೇರು ನೀರು ಬಿದ್ದೇ ಬಿಟ್ಟಿತ್ತು. ರಾಶಿ ಬುಸ್ಸೆಂದು ಸಿಡಿದು, ಕಪ್ಪು ಕೋಟಿನ ತುಂಬ ಬಿಳಿ ಚುಕ್ಕೆ ಎದ್ದವು. ದೇವರ ದಯೆ, ಕಣ್ಣಿಗೆ ಹಾರಲಿಲ್ಲ.

ಗಂಗಿ ಅಬ್ಬೆಯ ಕೈಯಿಂದ ಕರಟ ತೆಗೆದುಕೊಂಡಳು. ಗಾಳಿ ಬೀಸುವ ದಿಕ್ಕು ನೋಡಿ, ನಮ್ಮನ್ನೆಲ್ಲ ಒಂದು ಬದಿಗೆ ನಿಲ್ಲಿಸಿ, ತೋಳು ಚಾಚಿ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿದಳು. ಚಿಮುಕಿಸುತ್ತ, ಸುಣ್ಣ ಯಾಕೆ ಬಿರಿಯುತ್ತದೆ, ಕಾವು ಎಲ್ಲಿಂದ ಬರುತ್ತದೆ, ನೀರು ಕಡಿಮೆಯಾದರೆ ಏನು, ಹೆಚ್ಚಾದರೆ ಏನು ಎಂದು ಹೇಳುತ್ತ ಹೋದಳು. ಆ ಮಾತು ಅರ್ಧ ಪುಸ್ತಕದ್ದು, ಅರ್ಧ ಭಟ್ಟಿಯದು. ತರಗತಿಯಲ್ಲಿ ಮೂರು ವರ್ಷದಲ್ಲಿ ಆಡದಷ್ಟು ಮಾತನ್ನು ಅರ್ಧ ತಾಸಿನಲ್ಲಿ ಆಡಿದಳು. ಅಷ್ಟು ಸಂತೋಷ ನನಗೆ ನನ್ನ ಸ್ವಂತ ಪಾಠದಿಂದ ಯಾವತ್ತೂ ಆಗಿರಲಿಲ್ಲ.

ಗಡಿಗೆ ಬಿಚ್ಚಿದರು. ವಿರೂಪಾಕ್ಷಯ್ಯನವರು ಬಿಸಿ ಗೆಣಸನ್ನು ಆ ಕೈಯಿಂದ ಈ ಕೈಗೆ ಹಾರಿಸುತ್ತ ಊದಿ ಊದಿ ತಿಂದರು. ಎರಡನೆಯದಕ್ಕೂ ಕೈ ಚಾಚಿದರು.

“ಬೆಂದಿದೆ,” ಎಂದರು. “ಚೆನ್ನಾಗೇ ಬೆಂದಿದೆ ಕಣ್ರೀ ಮೇಷ್ಟ್ರೇ.” ಆಮೇಲೆ ಗಂಗಿಯನ್ನು ನೋಡಿ ಕೇಳಿದರು: “ಅಲ್ಲಮ್ಮ, ಎಲ್ಲರಿಗಿಂತ ಹೆಚ್ಚು ಗೊತ್ತಿರೋಳು ನೀನು. ನೀನೊಬ್ಬಳೇ ಯಾಕೆ ಇದನ್ನ ಬರೀಲಿಲ್ಲ?”

ಗಂಗಿ ಯೋಚಿಸಿ ಹೇಳಿದಳು: “ಅವ್ರು ಒಂದಿನ ತಿಂದವ್ರು ಸಾರ್, ನೆನಪಿಟ್ಕಂಡ್ರು. ನಾ ಸಣ್ಣಿಂದ ತಿಂದವ್ಳು. ಇದೂ ರಸಾಯನಶಾಸ್ತ್ರ ಹೇಳಿ ನಂಗೆ ಗೊತ್ತೇ ಇರ್ಲಿಲ್ಲ.”

ಸುಬ್ಬಿ ಗಡಿಗೆಯ ತಳದಿಂದ ಒಂದು ಗೆಣಸು ತೆಗೆದು, ಸಿಪ್ಪೆ ಸುಲಿದು, ಮಗಳ ಮುಂದೆ ಹಿಡಿದಳು. “ಜನವರಿದು ಎತ್ತಿಟ್ಟದ್ದು ಹಾಳಾಗಿ ಹೋತು. ಇದನ್ನಾದ್ರೂ ತಿನ್ನು,” ಎಂದಳು. ಗಂಗಿ ನಮ್ಮೆಲ್ಲರ ಎದುರಿಗೇ ತಿಂದಳು.

ಅಧಿಕಾರಿ ಅಂದೇ ಸಂಜೆ ಹೊನ್ನಾವರದ ಅಂಚೆ ಕಚೇರಿಯಿಂದ ತಂತಿ ಕೊಟ್ಟರು. ಮೂವತ್ತಕ್ಕೆ ಫಲಿತಾಂಶ ಬಂತು. ಗೆಣಸಿಗೆ ಅಂಕ ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ಆದರೆ ಮಾದೇವ ಕೂಡ ಪಾಸಾಗಿದ್ದನೆಂದರೆ ಸಿಕ್ಕಿರಲೇಬೇಕು. ಮೂವತ್ತೊಂದರ ಬೆಳಿಗ್ಗೆ ಮೊದಲ ಬಸ್ಸಿನಲ್ಲಿ ನಾನೇ ಗಂಗಿಯ ಜೊತೆ ಕುಮಟೆಗೆ ಹೋಗಿ ಅರ್ಜಿ ಕೊಡಿಸಿದೆ. ನಾಲ್ಕನೆಯ ನೋಟುಬುಕ್ಕು ತೆರೆದು, ಮೊದಲ ಪುಟದಲ್ಲಿ ನನ್ನದೇ ಹೆಸರು ಬರೆದು, ನನ್ನ ತಪ್ಪನ್ನು ದಾಖಲಿಸಿದೆ: ಇಪ್ಪತ್ತಾರು ಮಕ್ಕಳನ್ನು ಎಣಿಸಿದೆ, ಇಪ್ಪತ್ತೇಳನೆಯವಳು ಯಾಕೆ ಬರಲಿಲ್ಲವೆಂದು ವಿಚಾರಿಸಲಿಲ್ಲ.

ಮುಂದಿನ ಜನವರಿಯಲ್ಲಿ ಕುಮಟೆಯಿಂದ ಒಂದು ಕಾರ್ಡು ಬಂತು. ಅದೇ ಮುತ್ತಿನಂಥ ಅಕ್ಷರ. ಬರುವ ಗುರುವಾರ ಗಂಗಿ ಮೊದಲ ಸಲ ಒಂದು ತರಗತಿಯೆದುರು ನಿಂತು ಪಾಠ ಮಾಡಬೇಕಂತೆ, ನೋಡಲು ದೊಡ್ಡ ಮಾಸ್ತರರೆಲ್ಲ ಬರುತ್ತಾರಂತೆ. ಅಬ್ಬೆಗೆ ಓದು ಬರದ ಕಾರಣ ನನಗೆ ಬರೆದಿದ್ದಳು: ‘ದಯವಿಟ್ಟು ಅಬ್ಬೆಗೆ ಹೇಳಿ, ಒಂದು ಡಬ್ಬಿ ಸುಟ್ಟ ಸುಣ್ಣವನ್ನು ಬಾಯಿ ಭದ್ರ ಮಾಡಿ ಬಸ್ಸಿನವರ ಕೈಯಲ್ಲಿ ಕಳಿಸಿಕೊಡಿ. ಗೆಣಸು ಇಲ್ಲಿ ಸಿಗುತ್ತದೆ. ಸುಣ್ಣವೂ ಸಿಗುತ್ತದೆ, ಆದರೆ ನನಗೆ ನಮ್ಮ ಭಟ್ಟಿಯದೇ ಬೇಕು.’