ಸಿಲಿಂಡರಿನ ಕೊರಳ ವಿಭೂತಿ

ಬನವಾಸಿಯಲ್ಲಿ ನನ್ನನ್ನು ಯಾರಾದರೂ ಕಳ್ಳಿ ಎಂದರೆ ತಿರುಗಿ ಉತ್ತರ ಕೊಡುವಷ್ಟು ಬಾಯಿ ನನಗಿದೆ. ಅಷ್ಟಲ್ಲ, ಅದಕ್ಕಿಂತ ಹೆಚ್ಚೇ ಇದೆ ಎಂದು ಅವ್ವ ಹೇಳುತ್ತಾಳೆ. ಆದರೆ ಹಾಗೆ ಮೊದಲು ಅಂದವರು ನನಗೆ ವೆಲ್ಡಿಂಗ್ ಕಲಿಸಿದ ಶಿವಪುತ್ರಪ್ಪ ಕಾಕಾ. ಆವತ್ತು ನನ್ನ ಬಾಯಿಗೆ ಬೀಗ ಬಿದ್ದಿತ್ತು.

ಕಾಕಾ ಎಂದರೆ ರಕ್ತಸಂಬಂಧವೇನಲ್ಲ. ಶಿರಸಿಯಲ್ಲಿ ಅವರದೊಂದು ವರ್ಕ್‌ಶಾಪು. ಹೆಣ್ಣುಮಗಳಿಗೆ ಕಿಡಿ ಹಾರುವ ಕೆಲಸ ಯಾಕೆ ಎಂದು ಮೂರು ಕಡೆ ನನ್ನನ್ನು ವಾಪಸ್ಸು ಕಳಿಸಿದ್ದರು. ಕಾಕಾ ಒಬ್ಬರೇ ಏನೂ ಕೇಳದೆ ಕೈಗವಸು ಕೊಟ್ಟರು. ಮೂರು ವರ್ಷ ದಿನಾ ಬೆಳಗಿನ ಬಸ್ಸು ಹಿಡಿದು ಹೋಗಿ ಕಲಿತೆ. ಮಧ್ಯಾಹ್ನ ಅವರ ಹೆಂಡತಿ ಸಾವಿತ್ರವ್ವ ಕಾಕಿಯ ಕೈಯ ರೊಟ್ಟಿ ತಿಂದೆ. ಕಲಿಸಿದ್ದಕ್ಕೆ ಅವರು ನನ್ನಿಂದ ಏನೂ ತೆಗೆದುಕೊಳ್ಳಲಿಲ್ಲ. ಕೊಡಲು ಹೋದಾಗ ಗದರಿದ್ದರು.

ಸ್ಟೀಲಿನ ಕೆಲಸ ಹೇಳಿಕೊಡುವಾಗ ಅವರು ಮೊದಲು ಕಲಿಸಿದ್ದು ಗ್ಯಾಸಿನ ಪಾಠ. ಕರಗಿದ ಲೋಹಕ್ಕೆ ಗಾಳಿ ತಾಗಿದರೆ ಜಾಯಿಂಟು ಕಪ್ಪಾಗುತ್ತದೆ, ಒಳಗೆ ತೂತು ಬೀಳುತ್ತದೆ. ಅದಕ್ಕೇ ಅದು ಗಟ್ಟಿಯಾಗುವ ತನಕ ಸುತ್ತ ಒಂದು ಗ್ಯಾಸು ಹರಿಯುತ್ತ ಗಾಳಿಯನ್ನು ದೂರ ಇಡಬೇಕು. "ಕೂಸಿಗೆ ಎಣ್ಣಿ ಹಚ್ಚಿ ಎರಿಯೂಮುಂದ ಬಾಗಲಾ ಹಾಕತಾರಲ್ಲ, ಹಂಗ," ಎಂದಿದ್ದರು. ಅಷ್ಟು ಚೆನ್ನಾಗಿ ಯಾವ ಪುಸ್ತಕದಲ್ಲೂ ಬರೆದಿರಲಿಕ್ಕಿಲ್ಲ.

ಹೋದ ವರ್ಷ ನಾನು ಮನೆಯ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಸ್ವಂತ ಕೆಲಸ ಶುರುಮಾಡಿದೆ. ಅನಾನಸ್ ಹಣ್ಣಿನ ಜಾಮು ಮಾಡುವ ನಮ್ಮೂರಿನ ಮಹಿಳಾ ಸಂಘದವರು ಹಣ್ಣು ಹೆಚ್ಚಲು ಆರು ಸ್ಟೀಲಿನ ಮೇಜು ಬೇಕೆಂದರು. ತಿನ್ನುವ ಪದಾರ್ಥದ ಮೇಜು, ಜಾಯಿಂಟಿನಲ್ಲಿ ತುಕ್ಕು ಹಿಡಿಯಬಾರದು, ಹುಳಿ ಕೂರುವ ತೂತು ಇರಬಾರದು. ಅದು ನನ್ನ ಮೊದಲ ದೊಡ್ಡ ಕೆಲಸ.

ಯಾವ ಗ್ಯಾಸು ತರುವುದು ಎಂದು ಮೊಬೈಲಿನಲ್ಲಿ ನೋಡಹೋಗಿ ತಲೆ ಕೆಡಿಸಿಕೊಂಡೆ. ಒಬ್ಬ ಕಾರ್ಬನ್ ಡೈಆಕ್ಸೈಡು ಅಗ್ಗ, ಅದೇ ಸಾಕು ಎನ್ನುತ್ತಾನೆ. ಇನ್ನೊಬ್ಬ ಅದಕ್ಕೆ ಆರ್ಗಾನ್ ಬೆರೆಸಿದ್ದು ತಗೋ ಎನ್ನುತ್ತಾನೆ. ಕಡೆಗೆ ಕಾಕಾನಿಗೇ ಫೋನು ಮಾಡಿದೆ. ಅವೆಲ್ಲ ಕಬ್ಬಿಣದ ಗೇಟಿಗಾಯಿತು, ತಾಟಿನಷ್ಟು ತೆಳ್ಳಗಿನ ಸ್ಟೀಲಿಗೆ ಶುದ್ಧ ಆರ್ಗಾನ್ ಬಿಟ್ಟು ಬೇರೇನೂ ನೋಡಬೇಡ ಎಂದರು. ಸರಿಯಾದ ಮಾತೇ. ಗ್ಯಾಸ್ ಡಿಪೊದಲ್ಲಿ ಡೆಪಾಸಿಟ್ಟು ಕಟ್ಟಿ ಸಿಲಿಂಡರು ತಗೊಳ್ಳಬೇಕಾ ಎಂದು ಕೇಳಿದೆ. ಬೇಡ, ನನ್ನ ಹತ್ತಿರ ಸ್ವಂತದ್ದೊಂದು ಹಳೆಯದು ಹಿಂದಿನ ಕೋಣೆಯಲ್ಲಿದೆ, ಗ್ಯಾಸು ತುಂಬಿಯೇ ಇದೆ, ಅರ್ಧ ಬೆಲೆಗೆ ಕೊಡುತ್ತೇನೆ ಎಂದರು. ಹರಿದು ಹೋಗುವ ರಸೀದಿ ನಮ್ಮ ನಡುವೆ ಯಾಕೆ ಎಂದೂ ಅಂದರು. ನನಗೆ ಆ ಮಾತು ಹೆಮ್ಮೆ ಅನಿಸಿತು, ನೋಡಿ.

ಆಯುಧಪೂಜೆಯ ದಿನ ಕಾಕಾ, ಕಾಕಿ ಇಬ್ಬರೂ ಸಿಲಿಂಡರನ್ನು ಹೇರಿಕೊಂಡು ಬಂದರು. ಸೊಂಟದೆತ್ತರದ್ದು, ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ಕಾಕಿ ಆರತಿ ಎತ್ತಿದಳು. ಕಾಕಾ ವಿಭೂತಿ ಕಲಸಿ ಸಿಲಿಂಡರಿನ ಕೊರಳಿಗೆ ದಪ್ಪಗೆ ಮೂರು ಪಟ್ಟೆ ಎಳೆದರು. ನಾನು ಒಂದು ಫೋಟೊ ತೆಗೆದುಕೊಂಡು ಕೈ ಮುಗಿದು ನಿಂತೆ. "ಇದನ್ನ ಒರಸಬ್ಯಾಡ ಮಗಳ. ಸ್ವಾಮಾರಕ್ಕೊಮ್ಮೆ ಇದರ ಮ್ಯಾಲ ಹೊಸಾದು ಹಚಗೋತ ಹೋಗು," ಎಂದರು.

ಸಿಲಿಂಡರಿನ ನಂಬರು, ಯಾರದ್ದು, ಯಾವಾಗ ಪರೀಕ್ಷೆ ಮಾಡಿಸಿದ್ದು, ಎಲ್ಲವನ್ನೂ ಆ ಕೊರಳಿನಲ್ಲೇ ಕೆತ್ತಿರುತ್ತಾರೆ. ಕೊಳ್ಳುವವರು ಮೊದಲು ಅದನ್ನು ಓದಬೇಕು ಎಂದು ಹೇಳಿಕೊಟ್ಟವರೂ ಅವರೇ. ಬೇರೆ ಯಾರ ಹತ್ತಿರ ಕೊಂಡಿದ್ದರೂ ನಾನು ಬ್ಯಾಟರಿ ಹಿಡಿದು ಓದುತ್ತಿದ್ದೆ. ಕಾಕಾ ಹಚ್ಚಿದ ವಿಭೂತಿ ಒರೆಸಿ ಓದುವುದೇ? ಉಂಡ ಮನೆಯ ಜಂತಿ ಎಣಿಸಬಾರದು ಎಂದು ಬೆಳೆಸಿದ ಮನೆಯವಳು ನಾನು. ಸೋಮವಾರಕ್ಕೊಮ್ಮೆ ಅದರ ಮೇಲೇ ಹೊಸ ವಿಭೂತಿ ಹಚ್ಚುತ್ತ ಹೋದೆ.

ನಾಲ್ಕು ಮೇಜು ಮುಗಿಯುವಷ್ಟರಲ್ಲಿ ಗ್ಯಾಸು ಮುಗಿಯಿತು. ಸಿಲಿಂಡರನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಶಿರಸಿಯ ಗ್ಯಾಸ್ ಡಿಪೊಕ್ಕೆ ಹೋದೆ. ಅಲ್ಲಿಯ ಕಿಶೋರ ಎಂಬವರು ಖಾಲಿ ತೆಗೆದುಕೊಂಡು ತುಂಬಿದ್ದು ಕೊಡುವ ಮುಂಚೆ ನಂಬರು ಬರೆದುಕೊಳ್ಳಬೇಕು ಎಂದರು. ಒದ್ದೆ ಬಟ್ಟೆಯಿಂದ ವಿಭೂತಿ ಒರೆಸಿದರು. ಕೆಳಗೆ ಅಕ್ಷರ ಕಾಣಲಿಲ್ಲ. ಕಾರಿನ ಡೆಂಟು ಮುಚ್ಚಲು ಬಳಿಯುತ್ತಾರಲ್ಲ, ಆ ಪುಟ್ಟಿ ಇತ್ತು. ಅವರು ಸ್ಕ್ರೂಡ್ರೈವರಿನಿಂದ ಅದನ್ನು ಕೆರೆದರು. ಡಿಪೊದ ಹೆಸರೂ ಐದಂಕಿಯ ಒಂದು ನಂಬರೂ ಹೊರಗೆ ಬಂದವು.

ಒಳಗೆ ಹೋಗಿ ರಿಜಿಸ್ಟರು ನೋಡಿಕೊಂಡು ಬಂದ ಕಿಶೋರ ಇದು ಯಾರಿಂದ ಬಂತು ಎಂದು ಕೇಳಿದರು. ನಾನು ತಲೆಯೆತ್ತಿಯೇ ಶಿವಪುತ್ರಪ್ಪನವರ ಹೆಸರು ಹೇಳಿದೆ. ಡೆಪಾಸಿಟ್ಟಿನ ಮೇಲೆ ಕೊಟ್ಟಿದ್ದ ಈ ಸಿಲಿಂಡರು ಕಳುವಾಗಿದೆ, ವಾಪಸ್ಸು ಕೊಡಲಾಗುವುದಿಲ್ಲ ಎಂದು ಎರಡು ವರ್ಷದ ಹಿಂದೆ ಬರೆದುಕೊಟ್ಟವರು ಆ ಶಿವಪುತ್ರಪ್ಪನವರೇ ಅಂತೆ.

ಏನೋ ತಪ್ಪಾಗಿರಬೇಕು, ಫೋನು ಮಾಡಿ ಎಂದು ನಾನೇ ಹೇಳಿದೆ. ಕಿಶೋರ ಫೋನು ಮಾಡಿ ಸ್ಪೀಕರು ಹಾಕಿದರು, ನಂಬರು ಹೇಳಿದರು, ತಂದವಳು ಬನವಾಸಿಯ ಶಾಂಭವಿ ಎಂದರು. ಆ ಕಡೆ ಗ್ರೈಂಡರಿನ ಸದ್ದು ಕೇಳುತ್ತಿತ್ತು. ನಾನೇ ಕೊಟ್ಟಿದ್ದು, ಏನೋ ಮರೆವು ಎಂದು ಕಾಕಾ ಹೇಳುತ್ತಾರೆ ಎಂದು ಕಾದೆ.

"ಆಕಿ ನಮ್ಮಲ್ಲೇ ಕೆಲಸಕ್ಕಿದ್ಲ್ರಿ," ಎಂದರು ಕಾಕಾ. "ಆಕಿ ಇದ್ದಾಗನ ಕಳುವಾಗಿದ್ದದು. ಸಂಶೇ ಬಂದಿತ್ತು. ಹೆಣ್ಣಮಗಳು, ಹೋಗ್ಲಿ ಅಂತ ಬಾಯಿ ಬಿಟ್ಟಿರಲಿಲ್ಲ."

ಕಾಕಾ, ನಾನು ಇಲ್ಲೇ ಇದ್ದೇನೆ ಎಂದು ಹೇಳಲೂ ನನಗೆ ಆಗಲಿಲ್ಲ. ಕಿಶೋರ ಸಿಲಿಂಡರನ್ನು ಒಳಗೆ ಇಟ್ಟುಕೊಂಡರು. ನೀವು ಹೇಳುವುದನ್ನು ಬರೆದುಕೊಡಿ, ಇಲ್ಲವಾದರೆ ಸೋಮವಾರ ಪೊಲೀಸರಿಗೆ ದೂರು ಹೋಗುತ್ತದೆ ಎಂದು ಮೆತ್ತಗೇ ಹೇಳಿದರು. ದೂರು ಹೋದರೆ ಮೇಜಿನ ಕೆಲಸವೂ ಹೋಯಿತು, ಊರಿನಲ್ಲಿ ಮುಖವೂ ಹೋಯಿತು. ಕಳ್ಳಿಯ ಶೆಡ್ಡಿಗೆ ಯಾರು ಬರುತ್ತಾರೆ?

ಅಲ್ಲಿಂದ ಸೀದಾ ಕಾಕಾನ ವರ್ಕ್‌ಶಾಪಿಗೆ ಹೋದೆ. ನನ್ನನ್ನು ಕಂಡವರೇ ಗ್ರೈಂಡರು ನಿಲ್ಲಿಸಿ ಹಿಂದಿನ ಮನೆಗೆ ಕರೆದುಕೊಂಡು ಹೋದರು. ಗಾಬರಿಯೇನೂ ಇರಲಿಲ್ಲ. ಬರುತ್ತೇನೆ ಎಂದು ಗೊತ್ತಿದ್ದವರ ಹಾಗಿದ್ದರು. ನಾನು ಮೊಬೈಲು ತೆಗೆದು ಆವತ್ತಿನ ಫೋಟೊ ಮುಂದೆ ಹಿಡಿದೆ. ನಮ್ಮ ಶೆಡ್ಡು, ನೀಲಿ ಸಿಲಿಂಡರು, ಕೊರಳಿನ ಮೇಲೆ ಅವರ ಮೂರು ಬೆರಳು, ಪಕ್ಕದಲ್ಲಿ ಆರತಿ ಹಿಡಿದ ಕಾಕಿ.

ಕಾಕಾ ಅದನ್ನು ನೋಡಿದರು. "ಇದನ್ನ ಯಾರಿಗೂ ತೋರಿಸಬ್ಯಾಡ," ಎಂದರು. "ನಾ ಸುಳ್ಳ ಬರದುಕೊಟ್ಟೇನಿ ಅಂತ ಗೊತ್ತಾದ್ರ ನನಗ ಗ್ಯಾಸ್ ಬಂದ್ ಮಾಡತಾರ. ಈ ವಯಸ್ಸಿನ್ಯಾಗ ನಾ ಎಲ್ಲಿ ಹೋಗ್ಲಿ? ನೀ ಸಣ್ಣಾಕಿ. ನಾಕ ದಿನಾ ಅಂತಾರ, ಮರೀತಾರ."

"ಕಳ್ಳಿ ಅಂತಾರ ಕಾಕಾ."

"ನಾ ಇವತ್ತಿನ ತನಕಾ ನಿನ್ನ ಕಡಿಂದ ಏನೂ ಇಸಕೊಂಡಿಲ್ಲ. ಇದನ್ನ ಗುರುದಕ್ಷಿಣೆ ಅಂತ ತಿಳಕೋ."

ನಾನು ಕಾಕಿಯ ಕಡೆ ತಿರುಗಿದೆ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ನೀವಾದರೂ ನಿಜ ಹೇಳಿ ಎಂದು ಕೇಳಿದೆ. "ರೊಟ್ಟಿ ಬಿಸಿ ಐತಿ. ಉಂಡು ಹೋಗವಾ," ಎಂದಳು ಕಾಕಿ. ಆ ಮನೆಯಿಂದ ನಾನು ಮಧ್ಯಾಹ್ನದ ಹೊತ್ತು ಉಣ್ಣದೆ ಎದ್ದು ಬಂದದ್ದು ಅದೇ ಮೊದಲು.

ರಸ್ತೆಯಲ್ಲಿ ನಿಂತು ಅತ್ತೆ. ಕಳ್ಳಿ ಎಂದದ್ದು ನೋಯಿಸಿತ್ತು, ನಿಜ. ಆದರೆ ಅದು ಸಿಕ್ಕಿಬಿದ್ದ ಮನುಷ್ಯನ ಬಾಯಿಂದ ಬಂದ ಮಾತು ಎನ್ನಬಹುದಿತ್ತು. ಪುಟ್ಟಿ ಹಾಗಲ್ಲ. ಕಲಸಬೇಕು, ಬಳಿಯಬೇಕು, ಒಣಗಲು ಬಿಡಬೇಕು, ಉಜ್ಜಬೇಕು, ಮೇಲೆ ಬಣ್ಣ ಹೊಡೆಯಬೇಕು. ಅಷ್ಟೂ ಹೊತ್ತು ಅವರಿಗೆ ಅದು ನನಗೆ ಎಂದು ಗೊತ್ತಿತ್ತು. ಗಾಳಿ ತಾಗಬಾರದು ಎಂದು ಕಲಿಸಿದ ಮನುಷ್ಯ ನನ್ನನ್ನು ಬಾಗಿಲು ತೆರೆದಿಟ್ಟು ನಿಲ್ಲಿಸಿದ್ದರು. ಅವರು ನನಗೆ ಆಶೀರ್ವಾದ ಮಾಡುತ್ತಿದ್ದಾರೆ ಎಂದು ನಾನು ಕೈ ಮುಗಿದ ಹೊತ್ತಿನಲ್ಲಿ ಅವರು ನಂಬರು ಮುಚ್ಚುತ್ತಿದ್ದರು.

ಡಿಪೊಕ್ಕೆ ವಾಪಸ್ಸು ಹೋಗಿ ಫೋಟೊ ತೋರಿಸಿದೆ. ಕಿಶೋರ ಅದರ ತಾರೀಖು ನೋಡಿದರು, ಕಳುವಾಯಿತು ಎಂದು ಬರೆದುಕೊಟ್ಟ ಎಷ್ಟೋ ತಿಂಗಳ ಮೇಲಿನದು. ನೀವು ಬರೆದುಕೊಟ್ಟರೆ ಅವರಿಗೆ ಗ್ಯಾಸು ನಿಲ್ಲುತ್ತದೆ, ಗೊತ್ತಲ್ಲ ಎಂದರು. ಗೊತ್ತು ಎಂದು ಬರೆದು ಸಹಿ ಹಾಕಿದೆ. ಅಲ್ಲೇ ನನ್ನ ಹೆಸರಿನಲ್ಲಿ ಒಂದು ಆರ್ಗಾನ್ ಸಿಲಿಂಡರು ತೆಗೆದುಕೊಂಡೆ. ರಸೀದಿಯ ನಂಬರನ್ನು ಕೊರಳಿನ ನಂಬರಿಗೆ ಎರಡು ಸಲ ತಾಳೆ ನೋಡಿದೆ. ಆರೂ ಮೇಜು ಹೇಳಿದ ದಿನಕ್ಕೆ ಮುಗಿದವು.

ಕಾಕಾ ಈಗ ಗ್ಯಾಸು ಬೇಡದ ಕಡ್ಡಿ ವೆಲ್ಡಿಂಗಿನಲ್ಲಿ ಗೇಟು, ಕಿಟಕಿ ಮಾಡಿಕೊಂಡಿದ್ದಾರಂತೆ. ಕಲಿಸಿದವನ ಹೊಟ್ಟೆಯ ಮೇಲೆ ಹೊಡೆದಳು, ಉಂಡ ಮನೆಯ ಜಂತಿ ಎಣಿಸಿದಳು ಎಂದು ನನ್ನ ಬೆನ್ನ ಹಿಂದೆ ಆಡಿಕೊಳ್ಳುವವರಿದ್ದಾರೆ. ಹೌದು, ಎಣಿಸಿದೆ. ಉಣ್ಣುವಾಗಲೇ ಎಣಿಸಬೇಕಿತ್ತು.

ಈ ಸಲದ ಆಯುಧಪೂಜೆಗೆ ಅವ್ವ ವಿಭೂತಿ ಕಲಸಿಕೊಂಡು ಶೆಡ್ಡಿಗೆ ಬಂದಳು. ನನ್ನವ್ವ ಶಾರದವ್ವ, ಯಾರಿಗೂ ಕೇಡು ಬಯಸಿದವಳಲ್ಲ. ಸಿಲಿಂಡರಿನ ಕೊರಳಿಗೆ ಕೈ ಚಾಚಿದಳು.

"ಅಲ್ಲಿ ಬ್ಯಾಡವ್ವ, ಕೆಳಗ ಹಚ್ಚು. ನಂಬರ ಕಾಣಬೇಕು."

ಅವ್ವ ಕೆಳಗೆ ಹಚ್ಚಿದಳು. ಆಮೇಲೆ ಬೆರಳಿಗೆ ಉಳಿದದ್ದನ್ನು ನನ್ನ ಹಣೆಗೆ ಹಚ್ಚಲು ಬಂದಳು. ನಾನು ಚಿಕ್ಕವಳಿದ್ದಾಗಿನಿಂದ ಹಚ್ಚುತ್ತ ಬಂದ ಬೆರಳುಗಳವು. ನನಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಿದ್ದೆ. ಅವ್ವನ ಕೈ ಹಾಗೇ ನಿಂತಿತು. ಅವಳು ಸೆರಗಿಗೆ ಬೆರಳು ಒರೆಸಿಕೊಂಡಳು. ಕಳ್ಳಿ ಎಂದದ್ದನ್ನು ಎಂದಾದರೂ ಮರೆತೇನು. ಅವ್ವನ ಬೆರಳಿಗೂ ಹಿಂದೆ ಸರಿಯುವ ಹಾಗೆ ನನ್ನನ್ನು ಮಾಡಿದ್ದಕ್ಕೆ ಮಾತ್ರ ಕಾಕಾನನ್ನು ನಾನು ಕ್ಷಮಿಸುವುದಿಲ್ಲ.